ಎಡಗಡೆಯ ಸೀಟು

ರಜೆಗೆ ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಅಕ್ಕ, ಭಾವನ ನಡುವೆ ಜಗಳವಿರಲಿಲ್ಲ. ಬೆಟ್ಟದ ಮೇಲೊಂದು ಸರೋವರ, ಅದರ ದಡದಲ್ಲೊಂದು ರೆಸಾರ್ಟು, ಸರ್ವಾನುಮತ. ಜಗಳವಿದ್ದದ್ದು ಬೆಟ್ಟದ ಬುಡದಲ್ಲಿ ರೈಲು ಇಳಿದ ಮೇಲೆ ಏನು ಹತ್ತಬೇಕು ಎಂಬುದರಲ್ಲಿ. ರೆಸಾರ್ಟಿನವರು ಕಳಿಸುವ ವ್ಯಾನೋ, ಬಾಡಿಗೆ ಕಾರೋ?

"ವ್ಯಾನು," ಎಂದರು ಭಾವ.

"ಕಾರು," ಎಂದಳು ಅಕ್ಕ.

ಎತ್ತು ಏರಿಗೆಳೆದರೆ ಕೋಣ ನೀರಿಗೆ. ಎತ್ತು ಯಾರು, ಕೋಣ ಯಾರು ಎಂದು ನಾನು ಹೇಳಲಾರೆ. ಇಬ್ಬರ ಮನೆಯಲ್ಲೂ ನಾನು ಊಟ ಮಾಡಬೇಕು, ಮನೆ ಒಂದೇ ಆದರೂ.

ವ್ಯಾನಿನ ಪರವಾಗಿ ಭಾವ ವಕೀಲರಂತೆ ವಾದಿಸಿದರು. "ನೋಡೇ, ವ್ಯಾನಲ್ಲಿ ಎಸಿ. ಕುಡಿಯೋಕೆ ನೀರು. ದಾರಿ ಗೊತ್ತಿರೋ ಡ್ರೈವರು. ಪಾರ್ಕಿಂಗ್ ಚಿಂತೆ ಇಲ್ಲ, ಪಂಕ್ಚರ್ ಚಿಂತೆ ಇಲ್ಲ. ಕಾಲು ಚಾಚ್ಕೊಂಡು ಕೂತ್ರೆ ಆಯ್ತು."

"ಅವರು ಹೊರಡು ಅಂದಾಗ ಹೊರಡ್ಬೇಕು, ಇಳಿ ಅಂದಾಗ ಇಳೀಬೇಕು. ಅವರು ತೋರಿಸಿದ್ದನ್ನ ನೋಡಿ ಆಹಾ ಅನ್ಬೇಕು. ಅದು ರಜೆಯಲ್ಲ ರೀ, ಸಜೆ."

"ಬಾಡಿಗೆ ಕಾರು ಅಂದ್ರೆ ಯಾರ್ಯಾರು ಓಡಿಸಿ ಏನೇನು ಮಾಡಿಟ್ಟಿರ್ತಾರೋ! ಅದರ ಕ್ಲಚ್ ಹೇಗಿರುತ್ತೋ!"

"ಹೇಗಿದ್ರೂ ನನ್ನ ಕಾಲಿಗೆ ಸಿಗುತ್ತಲ್ಲ, ಅಷ್ಟು ಸಾಕು."

ಇದು ನಿಜವಾದ ವಿಷಯ. ಭಾವ ಡ್ರೈವಿಂಗ್ ಶಾಲೆಯ ಮೇಷ್ಟ್ರು. ನಮ್ಮೂರಲ್ಲಿ ಎದುರಿಗೆ ಬರುವ ಕಾರುಗಳಲ್ಲಿ ಅರ್ಧ ಅವರ ಶಿಷ್ಯರವು, ಉಳಿದರ್ಧ ಆ ಶಿಷ್ಯರನ್ನು ಕಂಡು ಪಕ್ಕಕ್ಕೆ ಸರಿಯುವವರವು. ಅಕ್ಕನೂ ಒಂದು ಕಾಲದಲ್ಲಿ ಶಿಷ್ಯೆಯೇ. ಮೊದಲ ಪರೀಕ್ಷೆಯಲ್ಲೇ ಲೈಸೆನ್ಸು ಪಡೆದವಳು. ಆಮೇಲೆ ಮನೆಯ ಕಾರುಬಾರೆಲ್ಲ ಅವಳ ಕೈಗೆ ಬಂತು, ಕಾರೊಂದು ಬಿಟ್ಟು. ಯಾವಾಗ ಕೇಳಿದರೂ ಭಾವನದು ಒಂದೇ ಉತ್ತರ: "ಕ್ಲಚ್ ಇನ್ನೂ ಸ್ವಲ್ಪ ಹದಕ್ಕೆ ಬರ್ಬೇಕು."

ಅಪರೂಪಕ್ಕೊಮ್ಮೆ ಕೊಡುತ್ತಿದ್ದದ್ದು ಶಾಲೆಯ ಕಾರು. ಅದರಲ್ಲಿ ಎಡಗಡೆಯ ಸೀಟಿನ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಕಲಿಯುವವರು ತಪ್ಪಿದರೆ ಕಲಿಸುವವರು ಒತ್ತಲಿ ಎಂದು. ಅಕ್ಕ ಓಡಿಸಿದಷ್ಟು ದೂರವೂ ಭಾವನ ಪಾದ ಅವುಗಳ ಮೇಲೆಯೇ. ಕಾರು ನಯವಾಗಿ ಹೊರಟರೆ ಹೊರಡಿಸಿದ್ದು ಯಾರ ಕಾಲು? ಸರಿಯಾಗಿ ನಿಂತರೆ ನಿಲ್ಲಿಸಿದ್ದು ಯಾರು?

"ನನಗೆ ಡ್ರೈವಿಂಗ್ ಬರುತ್ತೋ ಇಲ್ವೋ ನನಗೇ ಗೊತ್ತಿಲ್ಲ ಕಣೋ," ಎಂದಿದ್ದಳು ಅಕ್ಕ ನನ್ನ ಹತ್ತಿರ. "ಒಂದ್ಸಲ ಗೊತ್ತಾಗ್ಬೇಕು. ಬರಲ್ಲ ಅಂತ ಗೊತ್ತಾದ್ರೂ ಚಿಂತೆಯಿಲ್ಲ." ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರನ್ನು ಕೂರಿಸಿಕೊಂಡು 'ಈ ಗಾಜಲ್ಲಿ ಸ್ಪಷ್ಟವೋ, ಆ ಗಾಜಲ್ಲೋ' ಎಂದು ಕೇಳುವವಳಿಗೆ ತನ್ನ ವಿಷಯವೇ ಮಸುಕಾಗಿ ಉಳಿದದ್ದನ್ನು ಸಹಿಸಲಾಗುತ್ತಿರಲಿಲ್ಲ.

ಬಾಡಿಗೆ ಕಾರಿನಲ್ಲಿ ಎಡಗಡೆ ಬ್ರೇಕು ಇರುವುದಿಲ್ಲ. ಅಷ್ಟೇ ಅವಳ ಲೆಕ್ಕ. ಭಾವನ ಲೆಕ್ಕವೂ ಅಷ್ಟೇ.

ಕೊನೆಗೆ ರಾಜಿಯಾಯಿತು. "ಆಯ್ತು, ಕಾರೇ ತಗೊಳ್ಳೋಣ. ಆದ್ರೆ ಬೆಟ್ಟದ ದಾರಿ, ಹೋಗ್ತಾ ನಾನೇ ಓಡಿಸ್ತೀನಿ," ಎಂದರು ಭಾವ. ಹಾಗೆನ್ನುವಾಗ ಅವರ ಮುಖ ಪರೀಕ್ಷೆಗೆ ಹೊರಟ ಶಿಷ್ಯನ ಮುಖದಂತಿತ್ತು. ನಾನು ಅದನ್ನು ಕಂಡೆ, ಆದರೆ ಓದಲಿಲ್ಲ.

ರೈಲು ಇಳಿದಾಗ ಬೆಳಗಿನ ಬಿಸಿಲು ನಿಲ್ದಾಣದ ಅಂಗಳಕ್ಕೆ ಆಗಷ್ಟೇ ಬಿದ್ದಿತ್ತು. ರೆಸಾರ್ಟಿನ ಬಿಳಿ ವ್ಯಾನು ಬಾಗಿಲು ತೆರೆದು ನಿಂತಿತ್ತು. ಭಾವ ಅದರ ಕಡೆ ನೋಡಿದ ನೋಟ ನೋಡಿ ನನಗೆ, ಹಳೆಯ ಪ್ರೇಯಸಿಯೇನಾದರೂ ಒಳಗೆ ಕೂತಿರಬಹುದೇ ಎನಿಸಿತು. ಅಕ್ಕ ನೇರ ಎದುರಿನ ಬಾಡಿಗೆ ಅಂಗಡಿಗೆ ನಡೆದಳು.

ಅಂಗಡಿಯ ಹುಡುಗಿ ಇಬ್ಬರ ಲೈಸೆನ್ಸೂ ನೋಡಿ ಒಂದು ನೀಲಿ ಕಾರಿನ ಬೀಗದ ಕೈ ಕೊಟ್ಟಳು. ಭಾವ ಕಾರನ್ನು ವೈದ್ಯರಂತೆ ಪರೀಕ್ಷಿಸಿದರು. ಟೈರು ಒದ್ದರು, ಕನ್ನಡಿ ಒರೆಸಿದರು, ಬಾನೆಟ್ಟು ಎತ್ತಿ ಒಳಗೆ ಬಗ್ಗಿ "ಹೂಂ... ಹೂಂ..." ಎಂದು ಎಂಜಿನ್ನಿಗೆ ಸಮಾಧಾನ ಹೇಳಿದರು.

"ಅಪ್ಪಾ, ಸಾಕು, ಅದಕ್ಕೆ ಜ್ವರ ಇಲ್ಲ," ಎಂದಳು ಅವರ ಮಗಳು, ಪುಟ್ಟಿ. ಹೆಸರಿಗೆ ಪುಟ್ಟಿ, ಬಾಯಿ ನನ್ನ ಸೋದರ ಸೊಸೆಗೆ ತಕ್ಕದ್ದು.

ನಾನೂ ಪುಟ್ಟಿಯೂ ಹಿಂದೆ ಕೂತೆವು. ಅಕ್ಕ ಡಿಕ್ಕಿಯಲ್ಲಿ ಚೀಲಗಳನ್ನು ಜೋಡಿಸುತ್ತಿದ್ದಳು. ಭಾವ ಬಾಗಿಲು ತೆರೆದು ಕೂತರು, ಸೀಟು ಹಿಂದೆ ಮುಂದೆ ಮಾಡಿಕೊಂಡರು, ಬೆಲ್ಟು ಬಿಗಿದರು, ಬೆನ್ನು ನೆಟ್ಟಗೆ ಮಾಡಿ ಎಂದಿನ ಗತ್ತಿನಲ್ಲಿ ಹೇಳಿದರು: "ಹೂಂ, ಸ್ಟಾರ್ಟ್ ಮಾಡಿ. ನ್ಯೂಟ್ರಲ್ ನೋಡ್ಕೊಳ್ಳಿ."

ಯಾರೂ ಸ್ಟಾರ್ಟ್ ಮಾಡಲಿಲ್ಲ. ಮಾಡುವವರೇ ಇರಲಿಲ್ಲ. ಭಾವ ಕೂತಿದ್ದದ್ದು ಎಡಗಡೆ.

"ಅಪ್ಪಾ," ಎಂದಳು ಪುಟ್ಟಿ, "ಸ್ಟೀರಿಂಗ್ ಆ ಕಡೆ ಇದೆ."

ಭಾವ ಬಲಕ್ಕೆ ನೋಡಿದರು. ಖಾಲಿ ಸೀಟು, ಅದರ ಮುಂದೆ ದುಂಡನೆಯ ಸ್ಟೀರಿಂಗು. ಅಷ್ಟರಲ್ಲಿ ಡಿಕ್ಕಿ ಮುಚ್ಚಿದ ಅಕ್ಕ ಬಂದು ನಿಂತಳು. ಕಾರೊಳಗೆ ಬಗ್ಗಿ ನೋಡಿದಳು. ಬಲಗಡೆಗೆ ಬಂದು ಕೂತು ಬಾಗಿಲು ಎಳೆದುಕೊಂಡಳು.

"ಏನು?" ಎಂದರು ಭಾವ.

"ಬೇರೆ ಜಾಗ ಇಲ್ವಲ್ಲ."

ಕಿಟಕಿಯಾಚೆ ಅಂಗಡಿಯ ಹುಡುಗಿ ಕೈಮುಗಿದು ನಗುತ್ತಿದ್ದಳು. ಆ ನಗುವಿನ ಮುಂದೆ ಇಳಿದು, ಸುತ್ತಿ ಬಂದು, ಹೆಂಡತಿಯನ್ನು ಎಬ್ಬಿಸಲು ಮೇಷ್ಟ್ರಿಗೆ ಮನಸ್ಸಾಗಲಿಲ್ಲ. "ಸರಿ, ಊರು ದಾಟೋ ತನಕ ಓಡ್ಸು," ಎಂದರು.

ಊರು ದಾಟಿತು. ಭಾವನ ಸಂಕಟ ದಾಟಲಿಲ್ಲ. ಅವರ ಕಾಲ ಕೆಳಗೆ ರಬ್ಬರ್ ಹಾಸು ಮಾತ್ರ. ಬುಟ್ಟಿಯಲ್ಲಿ ಹಾವಿಲ್ಲದಿದ್ದರೆ ಹಾವಾಡಿಗ ಹೇಗೆ ತಡಕಾಡುತ್ತಾನೋ ಹಾಗೆ ಅವರ ಬೂಟು ಆ ಹಾಸಿನ ಮೇಲೆಲ್ಲ ತಡಕಾಡುತ್ತಿತ್ತು.

"ಸೈಕಲ್. ಸೈಕಲ್!"

"ಕಂಡಿದೆ ರೀ."

"ನಿನಗೆ ಅವನು ಕಂಡ್ರೆ ಸಾಲದು. ಅವನಿಗೆ ನೀನು ಕಂಡಿದ್ದೀಯಾ?"

"ಇಷ್ಟು ದೊಡ್ಡ ಕಾರು ಕಾಣದಿದ್ರೆ ನಮ್ಮಂಗಡಿಗೆ ಕಳ್ಸಿ ಅವನನ್ನ."

ಪುಟ್ಟಿ ನಕ್ಕಳು. ಭಾವ ನಗಲಿಲ್ಲ. ಕಿಟಕಿಯ ಮೇಲಿನ ಹಿಡಿ ಹಿಡಿದರು, ಬಿಟ್ಟರು, ಬೆಲ್ಟು ಸಡಿಲಿಸಿದರು, ಮತ್ತೆ ಬಿಗಿದರು. ಅಕ್ಕನ ಹಣೆಯ ಮೇಲೆ ಬೆವರಿತ್ತು, ಆದರೆ ತುಟಿಯ ಕೊನೆಯಲ್ಲೇನೋ ಹೊಸದೊಂದು ಶುರುವಾಗಿತ್ತು. ದಾರಿ ಏರತೊಡಗಿತು.

ಒಂದು ಕಡಿದಾದ ತಿರುವಿನಲ್ಲಿ ಮುಂದಿದ್ದ ಲಾರಿ ಎದುರಿನ ಬಸ್ಸಿಗೆ ದಾರಿ ಬಿಡಲು ಗಕ್ಕನೆ ನಿಂತಿತು. ಅಕ್ಕನೂ ನಿಲ್ಲಿಸಿದಳು. ನಮ್ಮ ಬೆನ್ನಿಗೆ ಬಂದು ನಿಂತದ್ದು, ನೋಡಿದರೆ, ಅದೇ ರೆಸಾರ್ಟಿನ ಬಿಳಿ ವ್ಯಾನು. ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆದು ಹೋಗುವಷ್ಟು ಜಾಗ.

ಬಸ್ಸು ಇಳಿದು ಹೋಯಿತು. ಲಾರಿ ಹೊರಟಿತು. ಅಕ್ಕ ಕ್ಲಚ್ಚು ಬಿಡತೊಡಗಿದಳು. ಕಾರು ಕೊಂಚ ಹಿಂದಕ್ಕೆ ಜಾರಿತು, ಎಂಜಿನ್ನು ಗುರುಗುಟ್ಟಿತು, ಮೂತಿ ಒಂದಿಷ್ಟು ಮೇಲೆದ್ದಿತು. ಅಷ್ಟರಲ್ಲಿ ಭಾವನ ಕೈ ಹ್ಯಾಂಡ್‌ಬ್ರೇಕಿಗೆ ಬಿದ್ದು ಅದನ್ನು ಬುಡಸಮೇತ ಕೀಳುವಂತೆ ಎಳೆಯಿತು. ಕಾರು ನಡುಗಿ ಆರಿಹೋಯಿತು.

"ನಾನು ಹಿಡ್ದಿದ್ದೆ," ಎಂದಳು ಅಕ್ಕ.

"ಹಿಂದಕ್ಕೆ ಹೋಗ್ತಿತ್ತು."

"ಹೋಯ್ತು. ಆಮೇಲೆ ಹಿಡ್ದಿದ್ದೆ. ಕಾರು ಎದ್ದಿತ್ತು."

"ಎದ್ದಿರ್ಲಿಲ್ಲ ಕಣೇ."

"ಎದ್ದಿತ್ತೋ ಇಲ್ವೋ ಇನ್ಯಾವತ್ತಾದ್ರೂ ಗೊತ್ತಾಗುತ್ತಾ? ಗೊತ್ತಾಗೋಕೆ ಬಿಟ್ರಾ ನೀವು?" ಅವಳ ದನಿ ಜೋರಾಗಿರಲಿಲ್ಲ. ಜೋರಾಗಿದ್ದರೆ ಚೆನ್ನಾಗಿತ್ತು. ಹಿಂದಿನ ವ್ಯಾನು ಹಾರನ್ ಹೊಡೆಯಿತು. ಅಕ್ಕ ಬಾಗಿಲು ತೆಗೆದು ಇಳಿದಳು. "ಬನ್ನಿ. ನೀವೇ ಓಡ್ಸಿ."

ಭಾವನೂ ಇಳಿದರು. ಕಾರನ್ನು ಸುತ್ತಿ ಬಲಗಡೆಗೆ ಬಂದರು. ತೆರೆದ ಬಾಗಿಲ ಹತ್ತಿರ ನಿಂತರು. ಒಂದು ಕೈ ಸ್ಟೀರಿಂಗಿನ ಮೇಲಿಟ್ಟರು, ತಣ್ಣಗಿದೆಯೋ ಬಿಸಿಯಿದೆಯೋ ನೋಡುವವರಂತೆ. ಕೂರಲಿಲ್ಲ.

"ಹತ್ತಿ," ಎಂದಳು ಅಕ್ಕ.

"ಆಗಲ್ಲ."

"ಏನಾಗಲ್ಲ?"

"ಈ ಕಡೆ ಕೂತು ಎಷ್ಟೋ ವರ್ಷ ಆಯ್ತು." ಅವರು ಸ್ಟೀರಿಂಗಿನತ್ತಲೇ ನೋಡುತ್ತಿದ್ದರು. "ಬೆಳಗ್ಗೆ ಯಾವನೋ ಶಿಷ್ಯ ಮನೆಗೇ ಕಾರು ತರ್ತಾನೆ, ಸಾಯಂಕಾಲ ಇನ್ಯಾವನೋ ಮನೆಗೆ ಬಿಡ್ತಾನೆ. ಎರಡೂ ಪಾಠದ ಲೆಕ್ಕಕ್ಕೆ. ನೀನು ನೋಡಿದ್ದೀಯಲ್ಲ."

ನೋಡಿದ್ದೆವು. ಎಲ್ಲರೂ ದಿನಾ ನೋಡಿದ್ದೆವು. ಮೇಷ್ಟ್ರ ಮರ್ಯಾದೆ ಅದು ಎಂದುಕೊಂಡಿದ್ದೆವು.

"ಶಾಲೆ ಕಾರಲ್ಲಿ ಆ ಕಡೆ ಎರಡೇ ಪೆಡಲ್ ಕಣೇ," ಎಂದರು ಭಾವ. "ಆಕ್ಸಿಲರೇಟರ್ ಇರಲ್ಲ. ನಿಲ್ಸೋದೊಂದೇ ಈಗ ನನಗೆ ಬರೋದು."

ನನ್ನ ನಾಲಿಗೆಯ ಮೇಲೆ ಒಂದು ಚಟಾಕಿ ಬಂದಿತ್ತು, ನುಂಗಿಕೊಂಡೆ.

"ಹಾಗಿದ್ರೆ ಹಿಂದೆ ಕೂತ್ಕೊಳ್ಳಿ," ಎಂದಳು ಅಕ್ಕ.

"ಹಿಂದೆ ಕೂತ್ರೂ ನನ್ನ ಕೈ ಅಲ್ಲಿಗೆ ಬರುತ್ತೆ. ನನ್ನ ಕೈ ನನಗೆ ಗೊತ್ತಿಲ್ವಾ?"

ವ್ಯಾನಿನ ಡ್ರೈವರು ಇಳಿದು ಬಂದಿದ್ದ. "ಏನ್ ಸಾರ್, ಗಾಡಿ ಕೆಟ್ಟಿದ್ಯಾ?"

"ಗಾಡಿ ಸರಿಯಾಗಿದೆ," ಎಂದರು ಭಾವ. "ಸೀಟ್ ಇದ್ಯಾ?"

"ಇದೆ ಸಾರ್, ಹಿಂದಿನ ಸಾಲಲ್ಲಿ. ಒಂದು ಕುಟುಂಬದವರು ಬುಕ್ ಮಾಡಿ ಬರ್ಲೇ ಇಲ್ಲ."

ಅಕ್ಕ ನಿಧಾನವಾಗಿ ಗಂಡನ ಕಡೆ ತಿರುಗಿದಳು. "ವ್ಯಾನ್ ಬುಕಿಂಗ್ ರದ್ದು ಮಾಡಿದೆ ಅಂದ್ರಲ್ಲ?"

"ಮಾಡೋಣ ಅಂತಲೇ ಇದ್ದೆ," ಎಂದು ಗೊಣಗಿ, ಆ ಕುಟುಂಬದ ಏಕೈಕ ಪ್ರತಿನಿಧಿ ವ್ಯಾನು ಹತ್ತಿದರು.

"ನೀವು ಮುಂದೆ ಹೋಗಿ," ಎಂದಳು ಅಕ್ಕ ಡ್ರೈವರಿಗೆ. ವ್ಯಾನು ನಮ್ಮನ್ನು ದಾಟಿ ಮೇಲೆ ಹೋಗಿ ಸ್ವಲ್ಪ ದೂರದಲ್ಲಿ ನಿಧಾನವಾಯಿತು. ನಾನು ಮುಂದಿನ ಸೀಟಿಗೆ ಬಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತೆ. ಅಕ್ಕ ಸ್ಟಾರ್ಟ್ ಮಾಡಿದಳು. ಹ್ಯಾಂಡ್‌ಬ್ರೇಕು ಇಳಿಸಿದಳು. ಕಾರು ಮೊದಲಿನಂತೆಯೇ ಹಿಂದಕ್ಕೆ ಜಾರಿತು. ಮೊದಲಿಗಿಂತ ಜಾಸ್ತಿಯೇ. ಪುಟ್ಟಿ "ಅಮ್ಮಾ" ಎಂದಳು. ಆಮೇಲೆ ಎಲ್ಲಿಯೋ ಏನೋ ಕಚ್ಚಿಕೊಂಡಿತು. ಕಾರು ಒಂದು ಗಳಿಗೆ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಎನ್ನುವಂತೆ ತೂಗಿ, ಏರಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕ ಮೂಗಿನಿಂದ ಜೋರಾಗಿ ಉಸಿರು ಬಿಟ್ಟಳು, ಅಷ್ಟೇ.

ಮುಂದಿನ ವ್ಯಾನಿನ ಹಿಂಗಾಜಿನಲ್ಲಿ ಒಂದು ಮುಖ ಕಾಣಿಸಿತು. ಭಾವ ಸೀಟಿನ ಮೇಲೆ ತಿರುಗಿ, ಮೊಣಕಾಲೂರಿ, ನಮ್ಮನ್ನೇ ನೋಡುತ್ತಿದ್ದರು. ಗಾಜಿಗೆ ಒತ್ತಿದ ಮೂಗು ಚಪ್ಪಟೆಯಾಗಿತ್ತು. ಕೈ ಎತ್ತಿ ಏನೇನೋ ಸನ್ನೆ ಮಾಡುತ್ತಿದ್ದರು. ಎಡಕ್ಕೆ, ನಿಧಾನ, ಗೇರು.

ಜಾಹೀರಾತುಗಳಿಗೆ ದನಿ ಕೊಟ್ಟು ಹೊಟ್ಟೆ ಹೊರೆಯುವವನು ನಾನು. ಬಾಯಾಡುವ ಮೂಕ ಮುಖವೊಂದು ಎದುರಿಗಿದ್ದರೆ ಸುಮ್ಮನಿರುವುದು ಹೇಗೆ? ಭಾವನ ದನಿಯನ್ನೇ ತೆಗೆದೆ: "ನಿಧಾನ... ನಿಧಾನಾ... ನಿಧಾನ್ವಾಗಿ ಅಂದ್ನಲ್ಲ! ಕಾಲ ಕೆಳಗೆ ಮೊಟ್ಟೆ ಇದೆ ಅನ್ಕೋ! ಹಾಂ, ಹೋಯ್ತು, ಆಮ್ಲೆಟ್ ಆಯ್ತು!"

ಪುಟ್ಟಿ ಬಿದ್ದು ಬಿದ್ದು ನಕ್ಕಳು. ಅಕ್ಕನೂ ನಕ್ಕಳು, ಕಾರು ಆರಿಹೋದ ಮೇಲಿನ ಮೊದಲ ನಗು. ಹುರುಪೇರಿ ಮುಂದುವರಿಸಿದೆ: "ಸೆಕೆಂಡ್ ಹಾಕು! ಸೆಕೆಂಡ್! ತರ್ಡ್ ಅಲ್ವೇ, ಸೆಕೆಂಡ್!" ಸನ್ನೆ ಅವರದು; ದನಿ ನನ್ನದಾದರೂ ಅವರದೇ ಎನ್ನುವಂತಿತ್ತು. ಅಕ್ಕನ ಕೈ ತಡವರಿಸಿತು. ಗೇರು ಕಿರ್ರೆಂದಿತು. ಕಾರು ಮುಗ್ಗರಿಸಿ ರಸ್ತೆಯಂಚಿನ ಜಲ್ಲಿಯ ಮೇಲೆ ಹೋಗಿ ಮರಳಿ ಬಂತು.

"ನಿಲ್ಸೋ," ಎಂದಳು. ಕಾರನ್ನಲ್ಲ, ನನ್ನನ್ನು. "ನೀನೂ ಅವರೂ ಒಂದೇ. ಅವರಿಗೆ ಕಾಲು, ನಿನಗೆ ಬಾಯಿ."

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತಿರುವು ಬಂದಾಗಲೆಲ್ಲ ಬಾಯಿಯಿಂದ ಏನೋ ಹೊರಡುತ್ತಿತ್ತು, ಹಲ್ಲು ಕಚ್ಚುತ್ತಿದ್ದೆ. ವ್ಯಾನಿನ ಗಾಜಿನಾಚೆ ಭಾವ ಯಾವಾಗ ಸನ್ನೆ ನಿಲ್ಲಿಸಿದರೋ ಗೊತ್ತಾಗಲಿಲ್ಲ. ಮುಖ ಮಾತ್ರ ಹಾಗೇ ಇತ್ತು. ದೂರ ಕಡಿಮೆಯಾದಾಗ ದೊಡ್ಡದಾಗಿ, ಹೆಚ್ಚಿದಾಗ ಚಿಕ್ಕದಾಗಿ.

ಏರು ಮುಗಿದು ಸರೋವರ ಕಂಡಿತು. ಅದರ ದಡದುದ್ದಕ್ಕೂ ರಸ್ತೆ, ರಸ್ತೆಯ ಬಲಕ್ಕೆ ರೆಸಾರ್ಟಿನ ಕಮಾನು. ವ್ಯಾನು ಮಿಣುಕು ದೀಪ ಹಾಕಿ ಒಳಗೆ ತಿರುಗಿತು. ಅಕ್ಕ ತಿರುಗಲಿಲ್ಲ.

"ಅಕ್ಕಾ, ಗೇಟು!" ಎಂದೆ, ತಡೆಯಲಾರದೆ.

"ನೋಡ್ದೆ."

ಕಮಾನು ಹಿಂದೆ ಸರಿಯಿತು. ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಡಿದುಕೊಂಡಿತು. ಹಿಂದಿನಿಂದ ಪುಟ್ಟಿ ಅದನ್ನೆತ್ತಿಕೊಂಡು ಸ್ಪೀಕರ್ ಹಾಕಿದಳು.

"ಅಪ್ಪಾ, ಅಮ್ಮನಿಗೆ ಕೊಡ್ಲಾ?"

"ಬೇಡ ಬೇಡ," ಎಂದರು ಭಾವ. "ಅವಳು ಓಡಿಸ್ತಿದ್ದಾಳೆ."

ಅಕ್ಕ ಕನ್ನಡಿಯಲ್ಲಿ ಫೋನಿನ ಕಡೆ ಒಮ್ಮೆ ನೋಡಿ ಮತ್ತೆ ರಸ್ತೆ ನೋಡಿದಳು.

"ಎಲ್ಲಿಗೆ ಹೋಗ್ತಿದ್ದೀರಿ?"

"ಅಮ್ಮಾ, ಎಲ್ಲಿಗೆ?"

"ರಸ್ತೆ ಇರೋ ತನಕ ಅನ್ನು."

"ರಸ್ತೆ ಇರೋ ತನಕ ಅಂತೆ ಅಪ್ಪಾ. ಇಡ್ಲಾ?"

"ಇಡಬೇಡ." ಅವರ ಹಿಂದೆ ಯಾರೋ ಚೀಲಗಳನ್ನು ಇಳಿಸುವ ಸದ್ದು, ಯಾರೋ ಸ್ವಾಗತ ಸಾರ್ ಎನ್ನುವ ಸದ್ದು. "ಹಾಗೇ ಮಡಿಲಲ್ಲಿ ಇಟ್ಕೋ ಪುಟ್ಟಿ. ನಾನೇನೂ ಮಾತಾಡಲ್ಲ."

ಮಾತಾಡಲಿಲ್ಲ. ದಾರಿ ಮತ್ತೆ ಕೊಂಚ ಏರಿತು, ಎಂಜಿನ್ನಿನ ದನಿ ಭಾರವಾಯಿತು. ಅಕ್ಕ ಗೇರು ಇಳಿಸಿದಳು. ಫೋನಿನಲ್ಲಿ ಉಸಿರೊಂದು ಒಳಗೆ ಎಳೆದುಕೊಂಡದ್ದು ಕೇಳಿಸಿತು, ಮಾತೊಂದು ಹೊರಡುವ ಮೊದಲು ಎಳೆದುಕೊಳ್ಳುವಂಥದ್ದು. ನಾವು ಮೂವರೂ ಕಾದೆವು. ಮಾತು ಬರಲಿಲ್ಲ. ಏರು ಮುಗಿಯಿತು, ಅಕ್ಕ ಮೇಲಿನ ಗೇರು ಹಾಕಿ ಕಾಲು ಒತ್ತಿದಳು.