ಲೈನ್ ಮನೆ ನೋಡಲು ಬಂದವರು

“ಹಲ್ಲು ಕಾಣ್ಬೇಕು ಪವಿತ್ರಾ, ಹಲ್ಲು! ಸತ್ತೋರ ಮನೇಲಿ ನಿಂತ ಹಾಗೆ ನಿಂತ್ರೆ ಯಾರು ಫೈವ್ ಸ್ಟಾರ್ ಕೊಡ್ತಾರೆ? ಬಿ.ಕಾಂ. ಫಸ್ಟ್ ಕ್ಲಾಸ್ ಅಂತೀಯ, ನಗೋದು ಸಿಲಬಸ್ಸಲ್ಲಿ ಇರ್ಲಿಲ್ವಾ?”

ಹೀಗೆ ಕೇಳಿದವರು ದೀಕ್ಷಿತ್ ಸರ್, ನಮ್ಮ ರೆಸಾರ್ಟಿನ ಮ್ಯಾನೇಜರ್. ಬೆಳಿಗ್ಗೆ ಒಂಬತ್ತೂವರೆಗೆ, ರಿಸೆಪ್ಶನ್ನಿನ ಎದುರಿಗೆ, ಗಾಜಿನ ಬಾಗಿಲು ಒರೆಸುತ್ತಿದ್ದ ಲಿಂಗನಿಗೂ ಚೆನ್ನಾಗಿ ಕೇಳುವ ಹಾಗೆ. ನಾನು ನಕ್ಕೆ. ಇನ್ನೂ ಸ್ವಲ್ಪ ಅಂದರು. ಇನ್ನೂ ಸ್ವಲ್ಪ ನಕ್ಕೆ. ದವಡೆ ನೋಯಲು ಶುರುವಾದಾಗ, “ಹಾಂ, ಇದನ್ನ ಹನ್ನೊಂದು ಗಂಟೆವರೆಗೂ ಹಿಡ್ಕೊಂಡಿರು” ಎಂದು ಹೇಳಿ ಹೋದರು. ಲಿಂಗ ಬಾಗಿಲಿನ ಆಚೆ ಬದಿಯಿಂದ ನನ್ನನ್ನು ನೋಡಿ ಗಾಜಿನ ಮೇಲೆ ಉಸಿರು ಊದಿ ಒರೆಸಿದ. ನನ್ನ ಮುಖವನ್ನೇ ಒರೆಸಿದಂತೆ ಕಂಡಿತು.

ನನ್ನ ಹುದ್ದೆಯ ಹೆಸರು ಹೆರಿಟೇಜ್ ಎಕ್ಸಿಕ್ಯೂಟಿವ್. ಎದೆಯ ಮೇಲಿನ ಬಿಲ್ಲೆಯಲ್ಲಿ ಹಾಗೆಂದು ಬರೆದಿದೆ. ಕಪ್ಪು ಕೋಟು ಕೊಟ್ಟಿದ್ದಾರೆ. ನನಗಿಂತ ಮೊದಲು ಈ ಕೆಲಸ ಬಿಟ್ಟುಹೋದ ಶೋಭಿತಾ ಎಂಬ ಹುಡುಗಿಯ ಅಳತೆಯದು. ಕಂಕುಳಲ್ಲಿ ಹಿಡಿಯುತ್ತದೆ, ಆದ್ದರಿಂದ ನಾನು ಅತಿಥಿಗಳಿಗೆ ಏನನ್ನು ತೋರಿಸಿದರೂ ಮೊಣಕೈಯಿಂದ ಆಚೆಗಷ್ಟೇ ತೋರಿಸುತ್ತೇನೆ. ದಿನಕ್ಕೆ ಎರಡು ಸಲ ಅವರನ್ನು ತೋಟದಲ್ಲಿ ನಡೆಸಿಕೊಂಡು ಹೋಗಬೇಕು. ಕಾಫಿ ಗಿಡ, ಮೆಣಸಿನ ಬಳ್ಳಿ, ಕೊನೆಗೆ ಲೈನ್ ಮನೆ. ಅಲ್ಲಿ ನಿಂತು, ಒಂದಾನೊಂದು ಕಾಲದಲ್ಲಿ ತೋಟದ ಕೂಲಿಗಳು ಹೀಗೆ ಬದುಕುತ್ತಿದ್ದರು ಎಂದು ಇಂಗ್ಲಿಷಿನಲ್ಲಿ ಹೇಳಬೇಕು.

ಲೈನಿನಲ್ಲಿ ಒಟ್ಟು ಹನ್ನೆರಡು ರೂಮುಗಳು. ಮುಂದಿನ ನಾಲ್ಕಕ್ಕೆ ಸುಣ್ಣ ಬಳಿದು, ಹಳೆಯ ಹೆಂಚು ಹುಡುಕಿ ತಂದು ಹೊದಿಸಿದ್ದಾರೆ. ನಂತರ ಒಂದು ಹಸಿರು ಬಲೆ. ಬಲೆಯ ಹಿಂದಿನ ಎಂಟು ರೂಮುಗಳಲ್ಲಿ ಸಿಮೆಂಟು ಶೀಟಿನ ಕೆಳಗೆ ಆ ಒಂದಾನೊಂದು ಕಾಲದವರು ಇದ್ದಾರೆ. ಒಂಬತ್ತನೆಯ ರೂಮಿನಲ್ಲಿ ನಾನು ಹುಟ್ಟಿದ್ದು. ಈಗಲೂ ಬೆಳಿಗ್ಗೆ ಅಲ್ಲಿಂದಲೇ ಹೊರಟು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದಿನಿಂದ ಸುತ್ತು ಹಾಕಿ, ರೆಸಾರ್ಟಿನ ಮುಂದಿನ ಗೇಟಿನಿಂದ ಒಳಗೆ ಬಂದು, ಹಾಜರಿ ಯಂತ್ರಕ್ಕೆ ಹೆಬ್ಬೆರಳು ಕೊಟ್ಟು, ಕೋಟು ಹಾಕಿಕೊಳ್ಳುತ್ತೇನೆ. ನೇರ ಬಂದರೆ ಎರಡು ನಿಮಿಷದ ದಾರಿ. ಎಕ್ಸಿಕ್ಯೂಟಿವ್ ಆದ ಮೇಲೆ ಇಪ್ಪತ್ತು ನಿಮಿಷವಾಯಿತು.

ನನ್ನ ಆರು ತಿಂಗಳ ಪ್ರೊಬೇಶನ್ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಕೆಲಸ ಖಾಯಂ ಆದರೆ ಸ್ಟಾಫ್ ಕ್ವಾರ್ಟರ್ಸಿನಲ್ಲಿ ಒಂದು ರೂಮು, ಅವ್ವನನ್ನೂ ಇಟ್ಟುಕೊಳ್ಳಬಹುದು. ಆಗದಿದ್ದರೆ ಎಲ್ಲಿಯೂ ಇಲ್ಲ. ಏಕೆಂದರೆ ಬಲೆಯ ಹಿಂದಿನ ಎಂಟು ರೂಮುಗಳನ್ನೂ ಕೆಡವಿ ಕಾಟೇಜು ಮಾಡುವುದೆಂದು ತೋಟದ ಮಾಲೀಕರಾದ ಸಾಹುಕಾರ್ ಜಯಪ್ರಕಾಶ್ ತೀರ್ಮಾನಿಸಿದ್ದರು. ಅವ್ವ ಮಂಡಿ ನೋವಿನಿಂದ ಕಾಫಿ ಹಣ್ಣಿನ ಪಿಕ್ಕಿಂಗಿನಲ್ಲಿ ಹಿಂದೆ ಬೀಳುತ್ತಿದ್ದಳು. ತೋಟದ ಲೆಕ್ಕ ಬರೆಯುವ ರೈಟರ್ ಶಾಂತಪ್ಪ ಹಾಜರಿ ಹಾಕುವಾಗ, “ಕೆಂಚಿ, ಕೆಲ್ಸ ಮಾಡೋರಿಗೆ ಮನೆ ಕಣೇ, ಮಂಡಿ ಉಜ್ಕಂಡು ಕೂರೋರಿಗಲ್ಲ” ಎಂದು ಎರಡು ಸಲ ಹೇಳಿಯಾಗಿತ್ತು.

ಈ ಕೆಲಸ ನನಗೆ ಸಿಕ್ಕಿದ್ದು ಹನ್ನೆರಡನೆಯ ಇಂಟರ್ವ್ಯೂನಲ್ಲಿ. ಮೊದಲ ಹನ್ನೊಂದನ್ನು ನಾನು ಬಹಳ ತಯಾರಿ ಮಾಡಿಕೊಂಡು ಕಳೆದುಕೊಂಡೆ. ಫೋನಿನಲ್ಲಿ ಉದ್ಯೋಗ ಸಲಹೆಯ ವಿಡಿಯೋಗಳನ್ನು ನೋಡಿ ಟಿಪ್ಪಣಿ ಬರೆದುಕೊಂಡಿದ್ದೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಎಂದಿತ್ತು ಒಂದು ವಿಡಿಯೋ. ನಮ್ಮ ತೋಟದಲ್ಲಿ ಹಾಗೆ ನೋಡಿದರೆ ಕಪಾಳಕ್ಕೆ ಬೀಳುತ್ತದೆ. ನಾನು ಎದುರಿನವರ ಹುಬ್ಬುಗಳ ನಡುವೆ ನೋಡುವುದನ್ನು ಕಲಿತೆ. ಮಡಿಕೇರಿಯ ಒಂದು ಆಸ್ಪತ್ರೆಯ ರಿಸೆಪ್ಶನ್ ಕೆಲಸಕ್ಕೆ ಹೋದಾಗ ಅಲ್ಲಿನ ಮೇಡಂ ಎರಡು ಸಲ ಹಣೆ ಮುಟ್ಟಿ ನೋಡಿಕೊಂಡು ಕುಂಕುಮ ಸರಿ ಮಾಡಿಕೊಂಡರು. ನಿಮ್ಮ ದೌರ್ಬಲ್ಯ ಏನು ಎಂದು ಒಂದು ಫೈನಾನ್ಸ್ ಆಫೀಸಿನಲ್ಲಿ ಕೇಳಿದರು. ನಾನು ನಿಜ ಹೇಳಿದೆ. ಅದನ್ನು ಹೇಳಲು ಸುಮಾರು ಹೊತ್ತು ಹಿಡಿಯಿತು. ಇನ್ನೊಂದು ಕಡೆ ಅರ್ಜಿಯಲ್ಲಿದ್ದ ‘ಎಸ್ಟೇಟ್ ಲೈನ್’ ಎಂಬ ವಿಳಾಸದ ಕೆಳಗೆ ಪೆನ್ನಿನಿಂದ ಗೆರೆ ಎಳೆದು, “ತಿಳಿಸ್ತೀವಿ” ಅಂದರು. ನಾನು ಮಾದಾಪುರದ ಬಸ್ಸಿನಲ್ಲಿ ಕೂತು, ತಿಳಿಸುತ್ತಾರೆ ಎಂದು ನಿಜವಾಗಿಯೂ ಫೋನಿನ ಸದ್ದು ಜಾಸ್ತಿ ಮಾಡಿಟ್ಟುಕೊಂಡೆ.

ಹನ್ನೆರಡನೆಯದು ನಮ್ಮ ತೋಟದ್ದೇ ರೆಸಾರ್ಟು. ಬಾಗಿಲವರೆಗೆ ಧೈರ್ಯವಾಗಿಯೇ ಹೋದೆ. ಒಳಗೆ ಕೂತು ಮೂರು ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ದೀಕ್ಷಿತ್ ಸರ್ ಮೇಜಿನ ಕೆಳಗೆ ಬಗ್ಗಿ ನೋಡಿದರು. ನನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸಾಹುಕಾರರ ಬಂಗಲೆಗಾಗಲಿ ಆಫೀಸಿಗಾಗಲಿ ಹೋಗುವಾಗ ಲೈನಿನವರು ಮೆಟ್ಟಿಲ ಕೆಳಗೇ ಚಪ್ಪಲಿ ಬಿಡುವುದು ವಾಡಿಕೆ. ನನ್ನ ಕಾಲುಗಳು ನನ್ನ ಡಿಗ್ರಿಯನ್ನು ಕೇಳದೆ ಆ ಕೆಲಸ ಮುಗಿಸಿಬಿಟ್ಟಿದ್ದವು.

“ನೀನು ಇಲ್ಲಿಯವಳೇನಾ?” ಎಂದರು. ನಾನು ಒಪ್ಪಿಕೊಂಡೆ. ಅವರು ಆಗಲೇ ಸಾಹುಕಾರರಿಗೆ ಫೋನು ಮಾಡಿ, “ಸರ್, ಹುಡುಗಿ ತುಂಬಾ ಅಥೆಂಟಿಕ್ಕು” ಅಂದರು. ಆ ಪದವನ್ನು ಅದಕ್ಕೆ ಮೊದಲು ನಾನು ಮಸಾಲೆ ಪುಡಿಯ ಪೊಟ್ಟಣದ ಮೇಲೆ ಮಾತ್ರ ನೋಡಿದ್ದೆ.

ನಾಲ್ಕನೆಯ ತಿಂಗಳಲ್ಲಿ ಸಾಹುಕಾರರಿಗೆ ಇನ್ನೊಂದು ಯೋಚನೆ ಬಂತು. ಸುಣ್ಣ ಬಳಿದ ರೂಮು ಖಾಲಿ ಇದ್ದರೆ ಮ್ಯೂಸಿಯಂ ತರ ಕಾಣುತ್ತದೆ, ಒಳಗೆ ಒಂದು ಜೀವ ಬೇಕು. “ನಿಮ್ಮವ್ವ ಕೆಂಚಿ ಇದಾಳಲ್ಲಮ್ಮ, ಮುಖದಲ್ಲಿ ಒಳ್ಳೆ ಗೆರೆಗಳಿವೆ. ಅವಳನ್ನ ಕೂರ್ಸು.”

ಈ ಮಾತನ್ನು ಅವ್ವನಿಗೆ ಹೇಗೆ ಹೇಳುವುದೆಂದು ನಾನು ಎರಡು ದಿನ ವಾಕ್ಯ ಜೋಡಿಸಿದೆ. ಹೇಳಿದಾಗ ಅವಳು ಸೊಪ್ಪು ಸೋಸುತ್ತಿದ್ದಳು.

“ಕುಂತ್ಕಂಡಿರಕ್ಕೆ ಸಂಬ್ಳ ಕೊಟ್ಟಾರಾ?”

“ಒಲೆ ಊದ್ಬೇಕು. ಹಳೇ ಕಾಲದ ತರ ಸೀರೆ ಉಟ್ಕಬೇಕು.”

“ನಂದು ಯಾವ್ದು ಹೊಸ ಕಾಲದ್ದೈತೆ? ಇಂಟ್ರೂ ಗಿಂಟ್ರೂ ಮಾಡ್ತಾರಾ?”

“ಇಲ್ಲ.”

ಅವ್ವ ಸೊಪ್ಪು ಬಿಟ್ಟು ತೊಡೆ ತಟ್ಟಿಕೊಂಡು ನಕ್ಕಳು. “ನೋಡ್ದಾ ಮಗಾ! ನೀ ಕೋಟು ಹಾಕ್ಕಳಕ್ಕೆ ಹನ್ನೆರ್ಡು ಸತಿ ಹೋಗಿ ಕುಂತ್ಕಂಡೆ. ನಾ ಮೂರ್ನೇ ಕ್ಲಾಸು ಕಾಣ್ದೋಳು, ಮನೆ ಬಾಗ್ಲಿಗೆ ಬಂದು ಕರೀತಾವ್ರೆ!”

ಮಂಡಿಗೆ ವಿಶ್ರಾಂತಿ ಸಿಗುತ್ತದೆ ಎಂದು ನಾನೂ ನಕ್ಕೆ. ಆಗ ಹಲ್ಲು ಕಂಡಿರಬೇಕು.

ದೀಕ್ಷಿತ್ ಸರ್ ಒಂದು ನಿಯಮ ಹಾಕಿದರು. “ಗೆಸ್ಟ್ ಮುಂದೆ ಅವ್ವ ಗಿವ್ವ ಅನ್ಬೇಡ. ನೀನು ಕೋಟಲ್ಲಿ, ಅವಳು ಒಲೆ ಮುಂದೆ, ಅವ್ರಿಗೆ ಕನ್‌ಫ್ಯೂಸ್ ಆಗುತ್ತೆ. ಹೆಸರು ಹಿಡಿದು ಕರಿ.”

ಮೂರು ದಿನ ಅವಳನ್ನು ಏನೂ ಕರೆಯದೆ ನಿಭಾಯಿಸಿದೆ. ನಾಲ್ಕನೆಯ ದಿನ ದೀಕ್ಷಿತ್ ಸರ್ ಜೊತೆಗೇ ಬಂದು ನಿಂತರು. ನಾನು ಅತಿಥಿಗಳ ಕಡೆ ನೋಡುತ್ತಾ, “ಇವಳು ಕೆಂಚಿ” ಎಂದೆ. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಅವಳಿಗೆ ಅಷ್ಟೇನೂ ತಟ್ಟುವುದಿಲ್ಲ ಎಂದುಕೊಂಡಿದ್ದೆ. ಹೆಸರು ಯಾವ ಭಾಷೆಯಲ್ಲೂ ಹೆಸರೇ. ಅವ್ವ ಊದುಕೊಳವೆ ಕೆಳಗಿಟ್ಟು, ನನ್ನತ್ತ ಕೈ ಮುಗಿದು, “ಸರಣು ಮಾಡ್ತೀನಿ ಅಮ್ಮಾವ್ರೇ” ಅಂದಳು. ಅತಿಥಿಗಳು ಫೋಟೋ ತೆಗೆದರು. ಸಂಜೆ ಮನೆಯಲ್ಲಿ ಆ ವಿಷಯ ಎತ್ತಲಿಲ್ಲ. ತಟ್ಟೆಗೆ ಮುದ್ದೆ ಹಾಕಿ, “ಉಣ್ಣಿ ಅಮ್ಮಾವ್ರೇ” ಎಂದಳು ಅಷ್ಟೇ. ಉಂಡೆ. ನಾನು ಊಟ ಬಿಡುವಷ್ಟು ಸೂಕ್ಷ್ಮದವಳಲ್ಲ.

ಅಲ್ಲಿಂದ ಮುಂದೆ ಅವ್ವ ಬಾಯಿ ಬಿಟ್ಟಳು. ಅತಿಥಿಗಳು ಕೇಳಿದ್ದನ್ನು ಅವಳಿಗೆ ಕನ್ನಡದಲ್ಲಿ ಹೇಳಿ, ಅವಳು ಅಂದದ್ದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುವುದು ನನ್ನ ಕೆಲಸ. ಕನ್ನಡದವರು ಬಂದ ದಿನ ಅವಳು ಸುಮ್ಮನೆ ಒಲೆ ಊದುತ್ತಿದ್ದಳು, ಅಷ್ಟು ಎಚ್ಚರ ಅವಳಿಗಿತ್ತು. ಉಳಿದ ದಿನ ನನ್ನ ಪ್ರಾಣ ಹೋಗುತ್ತಿತ್ತು.

ಮಡಕೆಯಲ್ಲಿ ಏನಿದೆ ಎಂದು ಒಬ್ಬರು ಕೇಳಿದರು.

“ಅವನ ತಿಥಿ ಊಟ ಐತೆ ಅನ್ನು. ಬರೀ ನೀರು ಕಾಯ್ತಾ ಇರಾದು ಕಾಣಕಿಲ್ವಾ ಆ ಮುಂಡೇದುಕ್ಕೆ?”

ಪರಂಪರೆಯಿಂದ ಬಂದ ಕಷಾಯ ಎಂದೆ.

ಒಬ್ಬಳು ಕುಕ್ಕೆ ಸೊಂಟಕ್ಕೆ ಕಟ್ಟಿಕೊಂಡು ಫೋಟೋ ತೆಗೆಸಿಕೊಳ್ಳಬಹುದಾ ಎಂದಳು.

“ಕಟ್ಕಳ್ಳಿ, ಕಟ್ಕಳ್ಳಿ. ಒಳಗೆ ಕೆಂಜಿಗ ಅವೆ. ಎಲ್ಲಿಗಾನ ಹತ್ಲಿ, ಕುಣೀತಾಳೆ.”

ಅವಳಿಗೆ ತುಂಬಾ ಸಂತೋಷವಂತೆ ಎಂದೆ.

ಅವ್ವ ಇದನ್ನೆಲ್ಲ ಹೇಳುವಾಗ ಮುಖದಲ್ಲಿ ಬೆಣ್ಣೆ ಕರಗುವಂಥ ನಗು ಇರುತ್ತಿತ್ತು. ಅತಿಥಿಗಳು ಬರೆದುಹೋಗುವ ಅಭಿಪ್ರಾಯಗಳಲ್ಲಿ ಕೆಂಚಿಯ ನಗು, ಕೆಂಚಿಯ ಆತ್ಮೀಯತೆ, ಕೆಂಚಿಯ ಕಷಾಯ. ನನ್ನ ಬಗ್ಗೆ ಒಬ್ಬರು ಬರೆದಿದ್ದರು: ಗೈಡ್ ಪರವಾಗಿಲ್ಲ. ಖಾಯಮಾತಿ ಕೊಡುವುದಿದ್ದರೆ ಅವ್ವನಿಗೇ ಕೊಡುತ್ತಿದ್ದರು. ಅವಳ ಹೆಸರು ರೆಸಾರ್ಟಿನ ಯಾವ ಪಟ್ಟಿಯಲ್ಲೂ ಇಲ್ಲವಾದ್ದರಿಂದ ನನಗೆ ಇನ್ನೂ ಆಸೆಯಿತ್ತು.

ಆ ದಿನ ಬಂದವರು ದೆಹಲಿಯ ಒಂದು ಪ್ರವಾಸ ಕಂಪನಿಯ ಆರು ಜನ. ಅವರಿಗೆ ಹಿಡಿಸಿದರೆ ವರ್ಷವಿಡೀ ಜನ ಕಳಿಸುತ್ತಾರೆ. ನನ್ನ ಹಲ್ಲಿನ ಅಭ್ಯಾಸ ನಡೆದದ್ದು ಅದಕ್ಕೇ. “ಇವತ್ತೇ ನಿನ್ನ ಅಪ್ರೈಸಲ್ ಅಂತ ತಿಳ್ಕೊ” ಎಂದಿದ್ದರು ದೀಕ್ಷಿತ್ ಸರ್. ಸಾಹುಕಾರರೂ ನಮ್ಮ ಹಿಂದೆಯೇ ಕೈ ಕಟ್ಟಿಕೊಂಡು ನಡೆದು ಬಂದರು. ಕಾಫಿ ಗಿಡ ಚೆನ್ನಾಗಿ ಹೇಳಿದೆ. ಮೆಣಸಿನ ಬಳ್ಳಿ ಇನ್ನೂ ಚೆನ್ನಾಗಿ ಹೇಳಿದೆ.

ಲೈನಿನ ಹತ್ತಿರ ಬಂದಾಗ ರೈಟರ್ ಶಾಂತಪ್ಪ ರೂಮಿನ ಬಾಗಿಲಲ್ಲಿ ನಿಂತು ಅವ್ವನಿಗೆ ಏನೋ ಹೇಳುತ್ತಿದ್ದ. ನಮ್ಮನ್ನು ನೋಡಲಿಲ್ಲ.

“ಭಾನುವಾರ ಜೆಸಿಬಿ ಬತ್ತದೆ ಕಣೇ. ನಿನ್ನ ಪಾತ್ರೆಪಗಡಿ ಎತ್ಕಂಡು ಹೋಗ್ತಾ ಇರು. ಮಗಳಿಗೆ ಕ್ವಾಟ್ರಸ್ ಸಿಕ್ರೆ ಅಲ್ಲಿಗೋಗು, ಇಲ್ದಿದ್ರೆ ರೋಡೈತೆ. ಲೌಡಿ, ಕೇಳ್ತಾ?”

ಸಾಹುಕಾರರು ಕೆಮ್ಮಿದರು. ಶಾಂತಪ್ಪ ಟೋಪಿ ತೆಗೆದು ಪಕ್ಕಕ್ಕೆ ಸರಿದ. ಅವನು ಏನಂದ ಎಂದು ಒಬ್ಬ ಅತಿಥಿ ಕೇಳಿದರು. ಸ್ವಾಗತ ಕೋರಿದ ಎಂದೆ.

ಆರು ಜನರಲ್ಲಿ ಒಬ್ಬ ಹೆಂಗಸಿಗೆ ತಲೆ ಪೂರ್ತಿ ಬೆಳ್ಳಗಾಗಿತ್ತು. ಉಳಿದವರು ಬಾಗಿಲಲ್ಲಿ ನಿಂತು ಫೋಟೋ ತೆಗೆಯುತ್ತಿದ್ದರೆ ಆಕೆ ಒಳಗೆ ಬಂದು, ಅವ್ವನ ಎದುರಿಗೆ ನೆಲದ ಮೇಲೆ ಕೂತರು. ಪುಸ್ತಕ, ಪೆನ್ನು ತೆಗೆದರು. ಇವರಿಗೆ ಏನು ಬೇಕು ಎಂದು ಕೇಳು ಎಂದರು ನನಗೆ.

“ಏನಂತೆ?” ಅಂದಳು ಅವ್ವ.

“ನಿಂಗೇನು ಬೇಕು ಅಂತ ಕೇಳ್ತಾವ್ರೆ.”

ಅಲ್ಲಿಯವರೆಗೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವ್ವನ ನಗು ಹೋಯಿತು. ಊದುಕೊಳವೆಯನ್ನು ಗೋಡೆಗೆ ಒರಗಿಸಿದಳು.

“ಮೂವತ್ತೊಂದು ವರ್ಷದಿಂದ ಈ ಬೋಳಿಮಗನ ತ್ವಾಟದಲ್ಲಿ ಹಣ್ಣು ಕುಯ್ದಿವ್ನಿ. ಈ ರೂಮಲ್ಲಿ ಯಾರೂ ಇಲ್ಲ ಕಣವ್ವ, ಇದು ಸುಳ್ಳು ಮನೆ. ನಾವಿರಾದು ಆ ಹಸ್ರು ಬಲೆ ಹಿಂದೆ. ಮೂರು ಹೆತ್ತೆ ಅಲ್ಲಿ, ಒಂದು ಉಳ್ಕಂತು. ಹೊತ್ತು ಹುಟ್ಟಕ್ಕೆ ಮುಂಚೆ ಎದ್ದು ಕಾಫಿ ಗಿಡದ ಸಂದಿಗೆ ಹೋಗ್ಬೇಕು ಹೆಂಗಸ್ರು, ಕಕ್ಕಸ್ಸಿಲ್ಲ. ನಾ ಸತ್ತಿಲ್ಲ, ಬದುಕಿವ್ನಿ, ನಿಂಗೆ ಹಳೇ ಕಾಲ್ದೋಳು ಅಂತ ತೋರಿಸ್ತಾವ್ರೆ. ಭಾನ್ವಾರ ಎದ್ದೋಗು ಅಂತ ಈಗಿನ್ನೂ ಅಂದ ಅವ್ನು. ಏನು ಬೇಕು ಅಂದ್ರೆ... ಒಂದು ಮನೆ ಬೇಕು. ಯಾರೂ ನೋಡಕ್ಕೆ ಬರ್ದಿರಾ ಮನೆ.”

ಸಾಹುಕಾರರಿಗೆ ಕನ್ನಡ ಬರುತ್ತದೆ. ಅತಿಥಿಗಳಿಗೆ ಕಾಣುವ ನಗುವನ್ನು ಹಾಗೆಯೇ ಇಟ್ಟುಕೊಂಡು ನನ್ನ ಹತ್ತಿರ ಬಂದರು.

“ಪವಿತ್ರಾ, ಇಲ್ಲೇ ಖುಷಿಯಾಗಿದೀನಿ, ಏನೂ ಬೇಡ ಅಂದ್ಲು ಅಂತ ಹೇಳಮ್ಮ. ಸಾಯಂಕಾಲ ನಿನ್ನ ಲೆಟರ್‌ಗೆ ಸೈನ್ ಹಾಕೋನು ನಾನೇ.”

ಖುಷಿ ಎಂಬುದಕ್ಕೆ ಇಂಗ್ಲಿಷ್ ಪದ ಆಗಲೇ ನನ್ನ ನಾಲಿಗೆಯ ಮೇಲಿತ್ತು. ಆರು ತಿಂಗಳಲ್ಲಿ ಎಷ್ಟು ಸಲ ಹೇಳಿದ್ದೆನೆಂದರೆ ಅದು ಕರೆಯದೆಯೇ ಬರುತ್ತಿತ್ತು. ಕ್ವಾರ್ಟರ್ಸಿನ ಆ ರೂಮನ್ನು ನಾನು ಕಿಟಕಿಯಿಂದ ಇಣುಕಿ ನೋಡಿ ಬಂದಿದ್ದೆ. ಒಳಗೇ ಬಚ್ಚಲಿತ್ತು, ನಲ್ಲಿಯಿತ್ತು. ಎದುರಿಗೆ ಬಿಳಿ ತಲೆಯ ಹೆಂಗಸು ಪೆನ್ನನ್ನು ಹಾಳೆಗೆ ಊರಿ ಕಾಯುತ್ತಿದ್ದರು. ಅವ್ವನೂ ಕಾಯುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬರದು; ನಾನು ಏನು ಹೇಳಿದರೂ ಅವಳಿಗೆ ತಿಳಿಯುವುದಿಲ್ಲ. ಎರಡು ತಿಂಗಳು ನಾನು ನೆಮ್ಮದಿಯಾಗಿ ಉಂಡು ಮಲಗಿದ್ದು ಅದೇ ಧೈರ್ಯದಲ್ಲಿ.

ಮೂವತ್ತೊಂದು ವರ್ಷ ಎಂದೆ.

ನಂತರ ಬಲೆ ಎಂದೆ. ಸುಳ್ಳು ಮನೆ ಎಂದೆ. ಮೂರು ಹೆತ್ತದ್ದು, ಒಂದು ಉಳಿದದ್ದು ಹೇಳುವಾಗ ಆ ಒಂದು ಯಾರೆಂದು ಹೇಳುವ ಅಗತ್ಯವಿರಲಿಲ್ಲ, ಮೊಣಕೈಯಿಂದ ಆಚೆಗೆ ಕೈ ನನ್ನ ಕಡೆಗೇ ತಿರುಗಿತು. ಹೆದರಿಕೆಗೆ ವ್ಯಾಕರಣ ಕೈಕೊಟ್ಟಿತು. ಫಸ್ಟ್ ಕ್ಲಾಸಿನವಳು ಭೂತಕಾಲ, ವರ್ತಮಾನಕಾಲ ಎಲ್ಲ ಕಲಸಿದೆ. ದೀಕ್ಷಿತ್ ಸರ್ “ಪವಿತ್ರಾ” ಎಂದರು, ಮತ್ತೆ “ಪವಿತ್ರಾ” ಎಂದರು. ನಾನು ಕಕ್ಕಸ್ಸಿನವರೆಗೆ ಬಂದಿದ್ದೆ, ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ಗೊತ್ತಿತ್ತು. ಭಾನುವಾರ ಹೇಳಿದೆ. ಯಾರೂ ನೋಡಲು ಬಾರದ ಮನೆಯನ್ನೂ ಹೇಳಿದೆ. ಬಾಗಿಲಲ್ಲಿದ್ದವರ ಫೋನುಗಳು ಒಂದೊಂದಾಗಿ ಕೆಳಗಿಳಿದವು. ಹೆಂಗಸು ಬರೆದುಕೊಳ್ಳುತ್ತಿದ್ದರು.

ಸಾಹುಕಾರರ ಮುಖ ನೋಡಿ ಅವ್ವನಿಗೆ ಏನೋ ಅನುಮಾನ ಬಂತು.

“ಏನಂದೆ ಮಗಾ ಅವ್ರಿಗೆ?”

“ನೀನಂದಿದ್ದೇ ಅಂದೆ ಕಣವ್ವ.”

“ಎಲ್ಲಾನೂವೆ?”

“ಎಲ್ಲಾನೂ.”

“ಬೋಳಿಮಗ ಅಂದಿದ್ದು?”

“ಅದಕ್ಕೆ ಸರ್ಯಾದ್ದು ಸಿಗ್ಲಿಲ್ಲ. ಹತ್ರದ್ದು ಒಂದು ಹಾಕ್ದೆ.”

ಅವ್ವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಸಾಹುಕಾರರನ್ನು ನೋಡಿದಳು. ಮಂಡಿಗೆ ಕೈಯೂರಿ ಕುಕ್ಕರುಗಾಲಿನಿಂದ ಎದ್ದು, ಸೆರಗು ಕೊಡವಿ, ಬಾಗಿಲಾಚೆಯ ಜಗುಲಿಗೆ ಬಂದು ಕಾಲು ನೀಡಿ ಕೂತಳು.

“ಹಂಗಾರೆ ಇನ್ನೂ ಐತೆ” ಅಂದಳು. “ಇವ್ರಪ್ಪನ ಕಾಲ್ದಿಂದ ಶುರು ಮಾಡ್ತೀನಿ. ಒಂದೊಂದೇ ಹೇಳು, ಓಡಿಸ್ಬೇಡ.”

“ಟೂರ್ ಮುಗೀತು, ಲಂಚ್ ರೆಡಿ ಇದೆ” ಎಂದು ದೀಕ್ಷಿತ್ ಸರ್ ಇಂಗ್ಲಿಷಿನಲ್ಲಿ ಎಲ್ಲರನ್ನೂ ಹೊರಡಿಸತೊಡಗಿದರು. ಇಬ್ಬರು ಹೊರಟೂ ಹೊರಟರು. ನಾನು ಅತಿಥಿಗಳ ಕಡೆ ತಿರುಗಿ, ದಯವಿಟ್ಟು ಸ್ವಲ್ಪ ಇರಿ, ನನ್ನ ತಾಯಿಯ ಮಾತು ಇನ್ನೂ ಮುಗಿದಿಲ್ಲ ಎಂದೆ.