ಹದಿನಾಲ್ಕು ತಿಂಗಳ ಅಕ್ಕಿ

ಮಹಾಮೇರು ಸ್ಟೀಲ್ಸ್‌ನ ಹಣಕಾಸಿನ ದೊಡ್ಡ ಸಾಹೇಬ ಹಳೆಯದೆಂದರೆ ಮೂಗು ಮುರಿಯುವ ಮನುಷ್ಯ. ಹಿಂದಿನ ಕಂಪನಿಯಲ್ಲಿ ಎಪ್ಪತ್ತು ದಿನ ಗೋದಾಮಿನಲ್ಲಿ ತುಕ್ಕು ಹಿಡಿಯುತ್ತಿದ್ದ ಉಕ್ಕಿನ ಸುರುಳಿಗಳನ್ನು ಮೂವತ್ತೇ ದಿನಕ್ಕೆ ಹೊರಗೆ ಸಾಗಿಸಿ, ಅದಕ್ಕಾಗಿ ಮುಂಬೈಯಲ್ಲಿ ಗಾಜಿನ ಫಲಕ ಗೆದ್ದು ಬಂದವನು. ಅಂದಿನಿಂದ ಜಗತ್ತಿನಲ್ಲಿ ಇರುವುದೆಲ್ಲ ಉಕ್ಕಿನ ಸುರುಳಿಯೇ ಎಂದು ಅವನಿಗೆ ಖಾತ್ರಿಯಾಗಿಬಿಟ್ಟಿತ್ತು. ಮಸ್ಕಿ ದಾಟಿ ಲಿಂಗಸುಗೂರು ರಸ್ತೆಯಲ್ಲಿದ್ದ ಕಾರ್ಖಾನೆಗೆ ಬಂದ ಮೂರನೇ ವಾರಕ್ಕೆ ಅವನ ಕಣ್ಣು ಕ್ಯಾಂಟೀನಿನ ಅಕ್ಕಿಯ ಮೇಲೆ ಬಿತ್ತು. ಸಿಂಧನೂರಿನ ಆದಪ್ಪನ ಮಿಲ್ಲಿನಿಂದ ಬರುವ ಅಕ್ಕಿ ಹದಿನಾಲ್ಕು ತಿಂಗಳ ಹಳೆಯದು, ಹೊಸದಕ್ಕಿಂತ ಕಿಲೋಗೆ ಏಳು ರೂಪಾಯಿ ಹೆಚ್ಚು. ಹಳೆಯ ಮಾಲಿಗೆ ಹೆಚ್ಚು ಬೆಲೆ! ಹಗಲು ದರೋಡೆ ಹಿಡಿದವನಂತೆ ಸಾಹೇಬ ಕುರ್ಚಿ ಬಿಟ್ಟು ಎದ್ದನಂತೆ.

ಎದ್ದವನನ್ನು ಕೂಡಿಸಬೇಕಾದವನು ಖರೀದಿ ಮ್ಯಾನೇಜರ್ ಹುಲಿಗೇಶ. ಬಳಗಾನೂರಿನ ನೆಲ್ಲಿನ ಗದ್ದೆಯ ಬದುವಿನ ಮೇಲೆ ನಡೆಯಲು ಕಲಿತವನು. ಹೊಸ ಅಕ್ಕಿ ಮುದ್ದೆಯಾಗುತ್ತದೆ, ವರ್ಷ ಕಂಡ ಅಕ್ಕಿ ಉದುರುದುರಾಗಿ ಅರಳುತ್ತದೆ ಎಂಬುದು ಅವನಿಗೆ ಹಾಲುಹಲ್ಲಿನ ಕಾಲದಿಂದ ಗೊತ್ತು. ಆದರೆ ಬಡ್ತಿಯ ಪಟ್ಟಿ ಸಾಹೇಬನ ಮೇಜಿನ ಮೇಲಿತ್ತು. ಕಣ್ಣು ತೆರೆಸಿದಿರಿ ಸರ್ ಎಂದು ಕೈ ಮುಗಿದ.

ಹಾಗೆ ಒಂದು ಬೆಳಿಗ್ಗೆ ಸಾಹೇಬನ ಕಾರು ಸಿಂಧನೂರಿಗೆ ಹೊರಟಿತು. ಹಿಂದಿನ ಜೀಪಿನಲ್ಲಿ ಫೋಟೋದವನ ಜೊತೆ ಮಕ್ತುಂಬೀ ಇದ್ದಳು. ಮಸ್ಕಿಯ ಈ ಹೆಂಗಸು ಹದಿನಾರು ಹೆಣ್ಣುಮಕ್ಕಳ ಸಂಘ ಕಟ್ಟಿಕೊಂಡು ಒಂಬತ್ತು ವರ್ಷದಿಂದ ಆರು ಸಾವಿರ ಕಾರ್ಮಿಕರಿಗೆ ಬೇಯಿಸಿ ಹಾಕುತ್ತಿದ್ದಳು. ಅಕ್ಕಿಯ ಮಾದರಿಗೆ ಅಡುಗೆಯವರ ಸಹಿ ಬೇಕೆಂದು ಕಂಪನಿಯ ನಿಯಮ. ಅಡುಗೆಯ ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು, ಅದನ್ನು ಮುಂದುವರಿಸುವ ಸಹಿ ಸಾಹೇಬನದು. ಒಂದು ಸಹಿ ಕೊಟ್ಟರೆ ಇನ್ನೊಂದು ಸಹಿ ಸಿಕ್ಕೀತು ಎಂದು ಹುಲಿಗೇಶ ಹಿಂದಿನ ದಿನವೇ ತಿಳಿಯಹೇಳಿದ್ದ.

ಮಿಲ್ಲಿನಲ್ಲಿ ಆದಪ್ಪ ಎರಡು ಹಿಡಿ ಅಕ್ಕಿ ಮುಂದಿಟ್ಟ. ಮಕ್ತುಂಬೀ ನಾಲ್ಕು ಕಾಳು ಬಾಯಿಗೆ ಹಾಕಿ ಕಚ್ಚಿದಳು. ಹಳೆಯದು ಕಟ್ ಎಂದಿತು. ಹೊಸದು ಹಲ್ಲಿಗೆ ಮೆತ್ತಿಕೊಂಡಿತು. ಇದನ್ನು ಒಲೆ ಮೇಲಿಟ್ಟರೆ ಗೋಂದಾಗುತ್ತದೆ ಎಂದು ಅವಳು ಹೇಳಿದಳು. ಸಾಹೇಬ ಅದನ್ನು ಬಿಟ್ಟು ತಯಾರಿಕೆಯ ದಿನಾಂಕ ಎಲ್ಲಿ ಬರೆದಿದೆ ಎಂದು ಕೇಳಿದ. ಆದಪ್ಪ ವ್ಯಾಪಾರಿ. ಹಳೆಯದನ್ನು ಹೈದರಾಬಾದಿನವರು ಮನೆಗೇ ಬಂದು ಒಯ್ಯುತ್ತಾರೆಂದು ಗೊತ್ತಿದ್ದವನು, ಕೇಳಿದ್ದನ್ನು ಕೊಡುವುದೇ ತನ್ನ ಧರ್ಮ ಎಂದು ರಸೀದಿ ಪುಸ್ತಕ ತೆಗೆದ.

ಬೇಯಿಸಿಯೇ ನೋಡಿ ಎಂದು ಮಕ್ತುಂಬೀ ಹಟ ಹಿಡಿದಳು. ಹಮಾಲರ ಒಲೆಯ ಮೇಲೆ ಎರಡು ಪಾತ್ರೆ ಇಟ್ಟು ಎರಡು ತಾಟಿನಲ್ಲಿ ಬಡಿಸಿದಳು, ಯಾವುದು ಯಾವುದೆಂದು ಹೇಳಲಿಲ್ಲ. ಸಾಹೇಬ ಬಲಗಡೆಯ ತಾಟಿಗೆ ಚಮಚ ಹಾಕಿ ಮುಖ ಕಿವುಚಿದ. ಎಡಗಡೆಯದನ್ನು ಪೂರ್ತಿ ಬಳಿದು ಉಂಡ. ತಾಜಾ ಮಾಲಿನ ರುಚಿಯೇ ಬೇರೆ ಎಂದ. ಹುಲಿಗೇಶ ಗೋಣು ಹಾಕಿದ. ಫೋಟೋದವನು ಅದನ್ನೆಲ್ಲ ಕ್ಲಿಕ್ಕಿಸಿದ.

"ಸಾಹೇಬ್ರ, ನೀವು ಉಂಡಿದ್ದು ಹದಿನಾಲ್ಕು ತಿಂಗಳದ್ದು," ಎಂದಳು ಮಕ್ತುಂಬೀ. "ಹೊಸಾದು ಆ ಇನ್ನೊಂದು ತಾಟಿನ್ಯಾಗ ಅದ. ಚಮಚ ಕೈಬಿಟ್ಟರೂ ಬೀಳಂಗಿಲ್ಲ, ನಿಂತ ಇರ್ತದ ನೋಡ್ರಿ."

ಸಾಹೇಬನಿಗೆ ಕನ್ನಡ ಬಾರದು. ಹುಲಿಗೇಶ ಅನುವಾದವನ್ನು ನುಂಗುವ ಮೊದಲೇ ಅವಳು ತನ್ನ ಮನೆಮಾತಾದ ದಖ್ಖನಿ ಉರ್ದುವಿನಲ್ಲೂ ಅದನ್ನೇ ಹೇಳಿಬಿಟ್ಟಳು. ಹಮಾಲರು ಮುಖ ತಿರುಗಿಸಿ ನಕ್ಕರು. ಸಾಹೇಬ ಬಾಯಿ ಒರೆಸಿಕೊಂಡ. ನಾಯಕನಾದವನು ನಾಲಿಗೆಯ ಮಾತು ಕೇಳಬಾರದು, ನೀತಿಯ ಮಾತು ಕೇಳಬೇಕು ಎಂದ. ಹಳೆ ಮಾಲು ಬೇಡ ಎಂಬುದು ನೀತಿ. ಮಾದರಿಗೆ ಸಹಿ ಹಾಕುವ ಕಾಗದ ಮಕ್ತುಂಬೀಯ ಮುಂದೆ ಬಂತು.

ಹುಲಿಗೇಶ ಅವಳನ್ನು ತೌಡಿನ ರಾಶಿಯ ಮರೆಗೆ ಕರೆದೊಯ್ದ. "ಚಾಚಿ, ಒಂದು ಸಹಿ ಹಾಕು. ಹದಿನಾರು ಮನಿ ಒಲಿ ಆರಸಬ್ಯಾಡ."

"ನೀ ಬಳಗಾನೂರಾಗ ಹುಟ್ಟಿದಾಂವ. ನಿನಗ ಗೊತ್ತಿಲ್ಲೇನು?"

"ಗೊತ್ತದ. ಗೊತ್ತಿದ್ದದ್ದು ನುಂಗಾಕನ ನನಗ ಪಗಾರ ಕೊಡ್ತಾರ."

"ಹಂಗಾರ ಸಹಿನೂ ನೀನ ಮಾಡು."

ಮಾಡಿದ. ನಿಯಮದ ಪ್ರಕಾರ ಅದು ನಡೆಯುವುದಿಲ್ಲ. ಆದರೆ ನಿಯಮವೂ ಪಗಾರಕ್ಕಿದ್ದುದೇ.

ಗುತ್ತಿಗೆ ಮಾತ್ರ ಮುಂದುವರಿಯಿತು. ದಯೆಯಿಂದಲ್ಲ. ಅಷ್ಟು ಕಡಿಮೆ ದುಡ್ಡಿಗೆ ಆ ಬೆಂಕಿಯ ಮುಂದೆ ನಿಲ್ಲುವವರು ಬೇರೆ ಯಾರೂ ಸಿಗಲಿಲ್ಲ. ಹೊಸ ಕಾಗದದ ಕೊನೆಗೆ ಒಂದು ಸಾಲು ಸೇರಿತ್ತು: ಮೇಲಿನ ಮಹಡಿಯ ಅಧಿಕಾರಿಗಳ ಊಟದ ಕೋಣೆಗೆ ತಿಂಗಳಿಗೆ ಎರಡು ಚೀಲ ಹಳೆ ಅಕ್ಕಿ, ಅತಿಥಿ ಸತ್ಕಾರದ ಖರ್ಚಿನಲ್ಲಿ. ಮಡಿಯ ಹೆಸರಿನಲ್ಲಿ ಪಂಕ್ತಿ ಬೇರೆ ಮಾಡುವವರನ್ನು ಈ ನಾಡು ಕಂಡಿದೆ. ಇವರು ಖರ್ಚಿನ ಹೆಸರಿನಲ್ಲಿ ಮಾಡಿದರು, ಅಷ್ಟೇ.

ಕೆಳಗೆ ಕುಲುಮೆಯ ಮುಂದೆ ಬೆಂದು ಬಂದವರು ತಾಟಿನಲ್ಲಿ ಅಂಟು ನೋಡಿ ಮಕ್ತುಂಬೀಯ ಮುಖ ನೋಡಿದರು. ಮೊದಲ ವಾರ ಬೈದರು. ಎರಡನೇ ವಾರ ತಾಟು ಬೋರಲು ಹಾಕಿ ಎದ್ದು ಹೋದರು. ಹೊಸ ಅಕ್ಕಿ ಅರಳುವುದಿಲ್ಲವಾದ್ದರಿಂದ ದಿನಕ್ಕೆ ಆರೇಳು ಚೀಲ ಹೆಚ್ಚೇ ಬೇಕಾಯಿತು. ಸಾಹೇಬ ಉಳಿತಾಯವನ್ನು ಒಂದು ತಲೆಬರಹದಡಿ, ಹೆಚ್ಚಿನ ಚೀಲಗಳನ್ನು ಇನ್ನೊಂದರಡಿ ಬರೆಸಿದ. ಅವೆರಡೂ ಎಂದೂ ಭೇಟಿಯಾಗದಂತೆ ನೋಡಿಕೊಳ್ಳುವುದಕ್ಕೇ ಅವನಿಗೆ ವರ್ಷಕ್ಕೆ ಕೋಟಿಗಳ ಲೆಕ್ಕದಲ್ಲಿ ಸಂಬಳ.

ಮುಂಬೈಯಿಂದ ನಿರ್ದೇಶಕ ಮಂಡಳಿ ಬರುವ ದಿನ ನಿಕ್ಕಿಯಾಯಿತು. ವರ್ಷಕ್ಕೆ ಇಪ್ಪತ್ತು ಲಕ್ಷದ ಉಳಿತಾಯವನ್ನು ಪರದೆಯ ಮೇಲೆ ತೋರಿಸಿ, ನಂತರ ಊಟ. ಮೇಲಿನವರ ಅನ್ನ ಹೂವಿನಂತೆ ಅರಳಿರಬೇಕೆಂದು ಹುಲಿಗೇಶ ಆ ಬೆಳಿಗ್ಗೆ ಮೂರು ಸಲ ಬಂದು ಹೇಳಿಹೋದ.

ಅವನು ಹೋದ ಮೇಲೆ ಮಕ್ತುಂಬೀ ಹಳೆ ಅಕ್ಕಿಯ ಆ ಎರಡು ಚೀಲಗಳನ್ನು ಹಂಡೆಗಳ ಹತ್ತಿರ ಎಳೆದು ತಂದಳು. ಬಳಿಕ ಹೆಣ್ಣುಮಕ್ಕಳನ್ನು ಕೂಡಿಸಿ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದಳು. ನಾಳೆಯಿಂದ ಕೆಲಸ ಇರುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಯಾರಾದರೂ ಒಬ್ಬಳು ಬೇಡವೆಂದರೂ ಮಾಡುವುದಿಲ್ಲ ಎಂದಳು. ಮಮತಾಳಿಗೆ ಏಳು ತಿಂಗಳ ಕೂಸು, ಅವಳು ನೆಲ ನೋಡಿದಳು. ಎಲ್ಲರೂ ಅವಳಿಗಾಗಿ ಕಾದರು. ಅವಳು ಕೂಸನ್ನು ಪಕ್ಕದಲ್ಲಿದ್ದ ಆದೆಮ್ಮನ ಕೈಗೆ ಕೊಟ್ಟು, ಚೀಲದ ಹೊಲಿಗೆಯ ದಾರವನ್ನು ತಾನೇ ಎಳೆದಳು.

ಹಳೆಯದು ಹೊಸದರ ಜೊತೆ ಹನ್ನೆರಡು ಹಂಡೆಗೂ ಬಿತ್ತು. ಹೊಸದು ಕರಗಿತು, ಹಳೆಯದು ಅಲ್ಲಲ್ಲಿ ಗಟ್ಟಿ ಕಾಳಾಗಿ ಉಳಿಯಿತು. ಅದೇ ಅನ್ನ ಬೆಳ್ಳಿಯಂತೆ ಹೊಳೆಯುವ ಪಾತ್ರೆಯಲ್ಲಿ ಲಿಫ್ಟ್ ಹತ್ತಿ ಮೇಲಕ್ಕೆ ಹೋಯಿತು.

ಕಾಲು ಗಂಟೆಗೆ ಸಾಹೇಬ ಕೆಳಗಿಳಿದು ಬಂದ. ಅಡುಗೆಮನೆಗೆ ಅವನು ಬಂದದ್ದು ಅದೇ ಮೊದಲು. ಬಾಗಿಲು ಯಾವುದೆಂದು ಗೊತ್ತಾಗದೆ ಊಟದ ಸಾಲಿನ ನಡುವಿನಿಂದಲೇ ದಾರಿ ಬಿಡಿಸಿಕೊಂಡು ಬಂದ, ಹಿಂದೆ ಹುಲಿಗೇಶ. ಆ ಎರಡು ಚೀಲ ಎಲ್ಲಿ ಎಂದು ಕೇಳಿದ.

"ಹಂಡೇದಾಗ ಅದಾವ್ರೀ," ಎಂದಳು ಮಕ್ತುಂಬೀ. "ಎಲ್ಲಾರ ಪಾಲಿಗೂ ಎರಡೆರಡು ಕಾಳು ಬರ್ತಾವ."

ಗುತ್ತಿಗೆ ಮುಗಿಯಿತು, ಸಂಜೆಯೊಳಗೆ ಗೇಟಿನ ಆಚೆ ಇರಬೇಕು ಎಂದು ಸಾಹೇಬ ಕೂಗಿದ. ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. ಎರಡು ವಾರದಿಂದ ಅವಳ ಜೊತೆ ಮಾತು ಬಿಟ್ಟಿದ್ದ ಕುಲುಮೆಯ ಮಾಳಿಂಗರಾಯ ತಾಟು ಹಿಡಿದು ಮುಂದೆ ನಿಂತಿದ್ದ.

"ಮ್ಯಾಲಿನ ಮಂದಿಗೂ ಇದನ ಹಾಕೀಯೇನು, ಚಾಚಿ?"

"ಇದನ."

ಅವನು ತಾಟು ಇನ್ನಷ್ಟು ಮುಂದೆ ಚಾಚಿದ. "ಹಾಕು. ಇವತ್ತು ಪೂರಾ ಉಣ್ತೀನಿ."

ಸಾಹೇಬ ಇನ್ನೂ ಅಲ್ಲೇ ನಿಂತಿದ್ದ. ಹಿಂದೆ ಸಾಲು ಕೂಡಿಕೊಂಡಿತ್ತು, ದಾರಿ ಬಿಡುವವರು ಯಾರೂ ಇರಲಿಲ್ಲ.