ಸಮ್ರಿತ್ ಅಣ್ಣನ ಕಿವಿ

ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗೆ ಜಾರುತ್ತದೆ. ಶಾಲೆ ಬಿಟ್ಟ ಮೇಲೆ ನನಗೆ ಸಿಕ್ಕ ಹೊಸ ಪದಗಳೂ ಕಡಿಮೆ. ಸಿಕ್ಕವುಗಳಲ್ಲಿ ಹೆಚ್ಚಿನವು ಗಾಡಿಯ ಬಿಡಿಭಾಗಗಳ ಹೆಸರುಗಳು. ಓದುವವರು ಕ್ಷಮಿಸಬೇಕು. ಸಮ್ರಿತ್ ಅಣ್ಣನ ವಿಷಯ ಬಾಯಿಬಿಟ್ಟು ಹೇಳುವುದು ನನ್ನಿಂದ ಆಗದ ಕೆಲಸವಾದ್ದರಿಂದ, ನಿಧಾನವಾಗಿ, ಒಂದೊಂದು ಮಾತನ್ನೂ ಒರೆಸಿ ನೋಡಿ ಬರೆಯುತ್ತಿದ್ದೇನೆ.

ಸಮ್ರಿತ್ ಅಣ್ಣ ಕತ್ತನ್ನು ಎಡಕ್ಕೆ ವಾಲಿಸಿಕೊಂಡು ನಡೆಯುತ್ತಾನೆ. ನೆಲವೇ ಅವನಿಗೆ ಏನೋ ಗುಟ್ಟು ಹೇಳುತ್ತಿದೆ, ಅವನು ಹೂಂಗುಟ್ಟುತ್ತ ಸಾಗುತ್ತಿದ್ದಾನೆ ಎನ್ನಿಸುವಂಥ ನಡಿಗೆ ಅದು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಎಡಗಿವಿಗೂ ಆನಿಸಿ, ಕಣ್ಣು ಮುಚ್ಚಿ, ಒಳಗಿನ ಸದ್ದು ಕೇಳುವುದು ಅವನ ಹಳೆಯ ಅಭ್ಯಾಸ. ಹಾಗೆ ಬಾಗಿ ಬಾಗಿ ಕತ್ತು ಆ ಕಡೆಗೇ ಒಗ್ಗಿಹೋಗಿದೆ. ಅಂಫವಾ ಎಂಬ ನಮ್ಮೂರಿನ ಕಾಲುವೆಯ ಆಚೆ ದಂಡೆಯಲ್ಲಿ ಪಿಕಪ್ ಒಂದು ಹಾದುಹೋದರೆ, ಕುಡಿಯುತ್ತಿದ್ದ ಲೋಟವನ್ನು ಗಾಳಿಯಲ್ಲೇ ನಿಲ್ಲಿಸಿ, "ಪಾಪ, ಮೂರನೇ ಸಿಲಿಂಡರು ಅಳ್ತಾ ಇದೆ" ಅನ್ನುತ್ತಾನೆ. ಅದು ಹೆಚ್ಚಾಗಿ ನಿಜವೂ ಆಗಿರುತ್ತದೆ. ಆ ಕಿವಿಯ ಮೇಲೆ ಊರಿಗೆ ಭಕ್ತಿ. ಅವನಿಗೂ ಇದೆ, ಊರಿಗಿಂತ ಸ್ವಲ್ಪ ಹೆಚ್ಚೇ.

ಬೆನ್ನ ಮೇಲೆ ಯಾವುದೋ ರೇಸ್ ತಂಡದ ಹೆಸರು ಹೊಲಿದ ಕೆಂಪು ಜಾಕೆಟ್ಟೊಂದು ಸದಾ ಅವನ ಮೈಮೇಲಿರುತ್ತಿತ್ತು. ತೋಳು ಮೊಣಕೈಯಿಂದ ಸ್ವಲ್ಪವೇ ಕೆಳಗೆ ಮುಗಿಯುತ್ತಿತ್ತು, ಏಕೆಂದರೆ ಅದು ಅವನ ಅಳತೆಯದಲ್ಲ. ಏಪ್ರಿಲ್ ಬಿಸಿಲಿನಲ್ಲೂ ಅದನ್ನು ಬಿಚ್ಚದೆ, ಹಣೆಯ ಬೆವರನ್ನು ಅದೇ ತೋಳಿನಿಂದ ಒರೆಸಿಕೊಳ್ಳುತ್ತಿದ್ದ. ಆ ತಂಡದಲ್ಲಿ ನೀನು ಇದ್ದೆಯಾ ಎಂದು ಯಾರೂ ಕೇಳಿದವರಲ್ಲ. ನಮ್ಮಲ್ಲಿ ಅಂಥ ಪ್ರಶ್ನೆ ಕೇಳಿ ಒಬ್ಬರ ಮುಖ ಸಣ್ಣದು ಮಾಡುವುದಿಲ್ಲ.

ಅವನ ಒಳ್ಳೆಯತನವನ್ನೂ ಬರೆಯದಿದ್ದರೆ ಸುಳ್ಳು ಬರೆದಂತೆ. ಯಾರ ಗಾಡಿ ಕೆಟ್ಟರೂ ಕರೆಯದೆ ಬರುತ್ತಾನೆ, ಒಂದು ಬಾತ್ ದುಡ್ಡನ್ನೂ ಮುಟ್ಟುವುದಿಲ್ಲ, ಕೊಟ್ಟದ್ದನ್ನು ಉಣ್ಣುತ್ತಾನೆ. ನಮ್ಮ ಅಪ್ಪ ತೀರಿಕೊಂಡಾಗ ದೇಹವನ್ನು ದಹನಕ್ಕೆಂದು ಬೌದ್ಧ ದೇವಾಲಯಕ್ಕೆ ಒಯ್ದ ಗಾಡಿಯನ್ನು ಓಡಿಸಿದವನು ಅವನೇ. ಅಂದಿನಿಂದ ಭಾನುವಾರಗಳಲ್ಲಿ ಅವನೂ, ಬೆಸುಗೆ ಕೆಲಸದ ಅಡುನ್ ಅಣ್ಣನೂ ನಮ್ಮ ಮನೆಯ ಗಾಡಿ ಚಪ್ಪರದಡಿ ಸೇರುತ್ತಿದ್ದರು. ನಮ್ಮ ಅಣ್ಣ ಖೋಮ್ ಅವರ ಶಿಷ್ಯ. ತರಗತಿಯಲ್ಲಿ ಎದ್ದು ನಿಂತರೆ ಗೊತ್ತಿದ್ದ ಉತ್ತರವೂ ಹೊರಬರದೆ, ಕೊನೆಗೆ ಶಾಲೆಯನ್ನೇ ಬಿಟ್ಟ ನನಗೆ ಆ ಚಪ್ಪರವೊಂದೇ ಜಾಗವಾಗಿತ್ತು. ಅಲ್ಲಿ ಯಾರೂ ಎದ್ದು ನಿಂತು ಉತ್ತರ ಹೇಳು ಅನ್ನುತ್ತಿರಲಿಲ್ಲ. ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ ಬಾಳೆಲೆಯ ಮೇಲೆ ಜೋಡಿಸುವುದು ನನ್ನ ಕೆಲಸ. ಗಾಡಿಯ ತಾಯಿಗೆ ಹೂ ಬದಲಿಸುವುದೂ ನನ್ನದೇ. ಪ್ರತಿ ಗಾಡಿಯಲ್ಲೂ ಅದನ್ನು ಕಾಯುವ ಒಬ್ಬ ತಾಯಿ ಇರುತ್ತಾಳೆ. ಒಳಗಿನ ಕನ್ನಡಿಗೆ ಮಲ್ಲಿಗೆ ಮಾಲೆಯನ್ನೂ ಬಣ್ಣದ ಪಟ್ಟಿಗಳನ್ನೂ ಕಟ್ಟಿ, ಕೈಮುಗಿದು ಕೇಳಿಕೊಂಡೇ ಎಂಜಿನ್ನಿಗೆ ಕೈಹಾಕಬೇಕು. ನಾನು ಕೇಳದೆ ಎಂದೂ ಕೈಹಾಕಿದವಳಲ್ಲ.

ನಮ್ಮ ಪಿಕಪ್ಪಿಗೆ ದೊಡ್ಡ ಟರ್ಬೊ ಹಾಕಿ ಸೈಲೆನ್ಸರಿನ ಡಬ್ಬಿ ತೆಗೆದು ನೇರ ಕೊಳವೆ ಬೆಸೆಯೋಣ ಎಂಬ ಮಾತೆತ್ತಿದವನು ಖೋಮ್. ಅಮ್ಮನನ್ನು ಒಪ್ಪಿಸಿದವನು, ಅವಳನ್ನು ಚಿಕ್ಕಮ್ಮ ಎನ್ನುವ ಸಮ್ರಿತ್ ಅಣ್ಣ. ಆ ಗಾಡಿಯಲ್ಲೇ ಅಮ್ಮ ಮೇ ಕ್ಲಾಂಗ್ ಪೇಟೆಯ ಕಾಯಿಹಾಲಿನ ಅಂಗಡಿಗಳಿಗೆ ತೆಂಗಿನಕಾಯಿ ಸಾಗಿಸುವುದು.

"ಸೇತುವೆ ಹತ್ತುವಾಗ ಅದು ಏದುಸಿರು ಬಿಡೋದು ಕೇಳಿದ್ದೀರಾ ಚಿಕ್ಕಮ್ಮ? ನನಗೆ ಹೊಟ್ಟೆ ಉರಿಯುತ್ತೆ. ದೊಡ್ಡ ಚಿಪ್ಪು ಹಾಕಿದ್ರೆ ಹಕ್ಕಿ ಹಾರಿದ ಹಾಗೆ ಹತ್ತುತ್ತೆ."

ಚಿಪ್ಪು ಎಂದರೆ ಟರ್ಬೊ. ಬಸವನಹುಳುವಿನ ಆಕಾರ ಅದರದು. ಎಂಜಿನ್ ಉಗುಳುವ ಹೊಗೆಯ ಬಿರುಸಿನಲ್ಲೇ ತಿರುಗಿ, ಎಂಜಿನ್ನಿಗೇ ಇನ್ನಷ್ಟು ಗಾಳಿ ತುಂಬುತ್ತದೆ. ಅದು ಬಲು ವೇಗವಾಗಿ ತಿರುಗುವುದರಿಂದ ಅದರ ಮೈಯೊಳಗೆ ಸದಾ ಎಣ್ಣೆ ಹರಿಯುತ್ತಿರಬೇಕು: ಮೇಲಿಂದ ಒಂದು ಕೊಳವೆಯಲ್ಲಿ ಬಂದು, ಕೆಳಗಿನ ಇನ್ನೊಂದು ಕೊಳವೆಯಲ್ಲಿ ಇಳಿದುಹೋಗಬೇಕು. ಆ ಕೆಳಗಿನ ಕೊಳವೆಯ ಬಾಯಿಯಲ್ಲಿ ಎಣ್ಣೆ ಸೋರದಂತೆ ಕೂರಿಸಲು ನಾನು ಗ್ಯಾಸ್ಕೆಟ್ ಕಾಗದವನ್ನು ಅಳತೆಗೆ ಸರಿಯಾಗಿ, ತೂತಿನ ಅಂಚು ಎಲ್ಲೂ ಪಿಸಿಯದಂತೆ ಕತ್ತರಿಸಿ ಇಟ್ಟಿದ್ದೆ.

"ಏನೇ ಮೊನ್, ಸ್ಕೂಲಲ್ಲಿ ಕತ್ತರಿಸದೆ ಬಿಟ್ಟ ಕಾಗದನೆಲ್ಲ ಇಲ್ಲಿ ಕತ್ತರಿಸ್ತಿದ್ದೀಯಾ?" ಎಂದು ಸಮ್ರಿತ್ ಅಣ್ಣ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಅಡುನ್ ಅಣ್ಣನ ಬೆನ್ನಿಗೆ ಅಂಟಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವನು ಆ ಕಾಗದದ ಬದಲು ಕೆಂಪು ಸಿಲಿಕಾನ್ ಅಂಟನ್ನು ಟ್ಯೂಬಿನಿಂದ ಹಿಂಡಿ, ಕೊಳವೆಯ ಬಾಯಿಗೆ ರೊಟ್ಟಿಗೆ ಜಾಮು ಸವರಿದ ಹಾಗೆ ಸವರಿ, ಬೋಲ್ಟು ಬಿಗಿಯತೊಡಗಿದ. ಅಂಟು ಹೊರಗೆ ಉಕ್ಕಿತು. ಹೊರಗೆ ಅಷ್ಟು ಉಕ್ಕಿದ್ದು ಒಳಗೂ ಅಷ್ಟೇ ಉಕ್ಕಿರಬೇಕು.

"ಅಣ್ಣ, ಅದು... ಒಳಗಡೆ ತೂತು ಮುಚ್ಕೊಳ್ಳುತ್ತೇನೋ. ಒಣಗೋಕೂ ಬಿಡ್ಬೇಕಂತೆ. ಟ್ಯೂಬ್ ಮೇಲೆ ಬರೆದಿದೆ."

"ಟ್ಯೂಬ್ ಮೇಲೆ ಬರೆದೋನು ಬಂದು ಗಾಡಿ ಓಡಿಸ್ತಾನೇನೆ? ಶುರು ಮಾಡಿದ್ಮೇಲೆ ಕಿವಿ ಹೇಳುತ್ತೆ ಬಿಡು."

"ಐಸ್ ತಗೊಂಡ್ ಬಾ ಹೋಗು," ಅಂದ ಖೋಮ್, ನನ್ನ ಮುಖ ನೋಡದೆ.

ಕಾಯುವುದೊಂದು ಸಮ್ರಿತ್ ಅಣ್ಣನಿಗೆ ಬಾರದ ವಿದ್ಯೆ. ಅನ್ನದ ಪಾತ್ರೆಯ ಮುಚ್ಚಳವನ್ನೂ ಅವನು ಹಬೆ ಇಳಿಯುವ ಮೊದಲೇ ತೆಗೆಯುತ್ತಾನೆ.

ಎಂಜಿನ್ ಶುರುವಾದಾಗ ಡಬ್ಬಿಯಿಲ್ಲದ ಕೊಳವೆಯ ಅಬ್ಬರಕ್ಕೆ ಕೋಳಿಗಳು ತೆಂಗಿನ ತೋಟದೊಳಗೆ ಹಾರಿದವು. ಮೂವರ ಮುಖದಲ್ಲೂ ಮಕ್ಕಳ ಸಂತೋಷ. ಸಮ್ರಿತ್ ಅಣ್ಣ ಸ್ಕ್ರೂಡ್ರೈವರು ಕಿವಿಗಿಟ್ಟು ಕಣ್ಣು ಮುಚ್ಚಿದ. "ಸವಿ," ಅಂದ. ಆಮೇಲೆ ನೀಲಿ ಹೊಗೆ ಬಂತು. ಇಳಿಯಲು ದಾರಿಯಿಲ್ಲದ ಎಣ್ಣೆ ಟರ್ಬೊದ ಒಳಗಿಂದ ನುಸುಳಿ ಗಾಳಿಯ ದಾರಿ ಸೇರಿರಬೇಕು. ಡೀಸೆಲ್ ಎಂಜಿನ್ ಅದನ್ನೇ ಕುಡಿದು ತಾನೇ ತಾನಾಗಿ ಏರತೊಡಗಿತು. ಖೋಮ್ ಕೀ ತಿರುಗಿಸಿದ, ಕಿತ್ತುಕೊಂಡ; ಎಂಜಿನ್ ನಿಲ್ಲಲಿಲ್ಲ.

"ಕೀ ನನ್ನ ಕೈಯಲ್ಲೇ ಇದೆ ಕಣ್ರೋ!" ಎಂದು ಅವನು ಕಿಟಕಿಯಿಂದ ಅದನ್ನು ಹೊರಗೆ ಚಾಚಿ ಚೀರಿದ್ದು ಈಗಲೂ ನನ್ನ ಕಿವಿಯಲ್ಲಿದೆ.

"ಇಳಿಯೋ! ಬಿಟ್ಟು ಇಳಿಯೋ!" ಎಂದು ಅಡುನ್ ಅಣ್ಣ ಓಡಿದ. ಓಡದೆ ನಿಂತವನು ಸಮ್ರಿತ್ ಅಣ್ಣನೊಬ್ಬನೇ. ಗಾಳಿ ಸೋಸುವ ಡಬ್ಬಿಯನ್ನು ಇನ್ನೂ ಹಾಕಿರಲಿಲ್ಲ. ತೆರೆದ ಆ ಬಾಯಿಗೆ ತನ್ನ ಜಾಕೆಟ್ಟನ್ನೇ ಬಿಚ್ಚಿ ತುರುಕಿದ. ಎಂಜಿನ್ ಅದರ ಒಂದು ತೋಳನ್ನು ನುಂಗಿತು. ಆಗ ಅವನು ಹಂದಿಮಾಂಸ ಕತ್ತರಿಸಲು ಇಟ್ಟಿದ್ದ ಹುಣಸೆಮರದ ದುಂಡು ಮಣೆಯನ್ನು ಎತ್ತಿ ಬಾಯಿಗೆ ಒತ್ತಿ ಹಿಡಿದ. ಉಸಿರು ಕಟ್ಟಿದ ಎಂಜಿನ್ ಒಮ್ಮೆ ನಡುಗಿ ಸತ್ತಿತು. ಊರಿದ ಅವನ ಎಡಗೈ ಕಾದ ಕೊಳವೆಗೆ ಅಂಟಿ, ಅಂಗೈಯ ಚರ್ಮ ಕಿತ್ತುಬಂದಿತ್ತು.

ಧೈರ್ಯವಂತನೇ ಅವನು. ನಾನು ಅದನ್ನು ಅಳಿಸುವುದಿಲ್ಲ. ಆದರೆ ಆ ಸುಟ್ಟ ಕೈ ಲೋಳೆಸರ ಹಚ್ಚಿಸಿಕೊಂಡು, ಬಿಳಿ ಬಟ್ಟೆ ಸುತ್ತಿಸಿಕೊಂಡು ನಮ್ಮ ಊಟದ ಮೇಜಿನ ಮೇಲೆ ಬಂದು ಕುಳಿತ ಮೇಲೆ, ಅಂಟಿನ ವಿಷಯ ಎತ್ತುವವರು ಯಾರು? ಕೊನೆಗೆ ಅವನೇ ಬಹಳ ಮೃದುವಾಗಿ ಮಾತಾಡಿದ.

"ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ. ಗಾಡಿಯೊಳಗಿರೋ ತಾಯಿ ಸ್ವಲ್ಪ ಸಿಡುಕಿ. ಇನ್ನೊಂದು ಹೆಣ್ಣಿನ ಕೈ ಒಳಗೆ ಬಿದ್ರೆ ಸಹಿಸಲ್ಲ. ಮೊನ್ ಒಳ್ಳೇ ಹುಡುಗಿ, ಅವಳ್ದೇನೂ ತಪ್ಪಿಲ್ಲ. ಆದ್ರೂ..."

"ಹೌದೌದು," ಅಂದ ಅಡುನ್ ಅಣ್ಣ, "ನಮ್ಮ ಮಾವನ ದೋಣೀಲೂ ಹಿಂಗೇ ಆಗಿತ್ತು."

ಮೇಜಿನ ಸುತ್ತ ಎಲ್ಲರ ಹೆಗಲೂ ಒಟ್ಟಿಗೆ ಸಡಿಲವಾದದ್ದನ್ನು ನಾನು ನೋಡಿದೆ. ಸ್ನೇಹಿತರು ಸ್ನೇಹಿತರಾಗಿಯೇ ಉಳಿದರು. ಖೋಮ್ ಲೋಟದೊಳಗಿನ ಐಸನ್ನು ಹೊಸದಾಗಿ ಕಂಡವನಂತೆ ನೋಡುತ್ತಿದ್ದ. ಅಮ್ಮ ನನ್ನ ಕೈಗಳನ್ನು ನೋಡಿದಳು, ಮರುದಿನ ಮಲ್ಲಿಗೆ ಮಾಲೆ ತಂದುಕೊಟ್ಟು, "ಹೋಗಿ ತಪ್ಪಾಯ್ತು ಅನ್ನು, ಮಗಳೆ. ಅಷ್ಟು ಅಂದ್ರೆ ನಿನ್ನ ಗಂಟೇನು ಹೋಗುತ್ತೆ?" ಅಂದಳು. ನಾನು ಮಾಲೆ ಹಾಕಿದೆ. ತಪ್ಪಾಯಿತು ಅನ್ನಲಿಲ್ಲ. ಗಾಡಿಯ ತಾಯಿಯೂ ಏನೂ ಕೇಳಲಿಲ್ಲ.

ಈಗ ಅಮ್ಮನ ಕಾಯಿಗಳು ಬಾಡಿಗೆ ದೋಣಿಯಲ್ಲಿ ಹೋಗುತ್ತವೆ. ಖೋಮ್ ಪಾನಾಗಳ ಪೆಟ್ಟಿಗೆಯನ್ನು ತನ್ನ ಕೋಣೆಗೆ ಸೇರಿಸಿದ್ದಾನೆ, ಚಪ್ಪರದ ಕಡೆಗೆ ನಾನು ಹೋದರೆ ಕೆಮ್ಮುತ್ತಾನೆ. ಸಮ್ರಿತ್ ಅಣ್ಣನಿಗೆ ಗೆಳೆಯರು ಹೊಸ ಜಾಕೆಟ್ಟು ಕೊಡಿಸಿದ್ದಾರೆ; ಇದರ ತೋಳು ಸರಿಯಾಗಿದೆ. ಕಾಲುವೆಯ ಎರಡೂ ದಂಡೆಯಲ್ಲಿ ಅವನು ಆ ಕಥೆ ಹೇಳುತ್ತಾನೆ, ಮಣೆ ಹಿಡಿದ ಬಗೆಯನ್ನು ಎದ್ದು ನಿಂತು ತೋರಿಸುತ್ತಾನೆ. ಕೇಳುವವರು ಅವನ ಅಂಗೈ ನೋಡಿ, ಆಮೇಲೆ ನನ್ನ ಕಡೆ ತಿರುಗುತ್ತಾರೆ. ಬರುವ ಭಾನುವಾರ ಎಲ್ಲ ಸೇರಿ ಎಂಜಿನ್ ಇಳಿಸುವುದೆಂದು ಮಾತಾಗಿದೆ. ಅಂದು ನಾನು ಅಮ್ಮನ ತಂಗಿ ಚಿಕ್ಕಮ್ಮನ ಮನೆಗೆ ಹೋಗಿರುವುದು ಒಳ್ಳೆಯದು ಎಂದೂ ಮಾತಾಗಿದೆ.

ಸಮ್ರಿತ್ ಅಣ್ಣನಂಥವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು. ಅವರು ಕರೆಯದೆ ಬರುತ್ತಾರೆ, ಕೇಳದೆ ಕೊಡುತ್ತಾರೆ, ಬೆಂಕಿಗೆ ಕೈಯೊಡ್ಡುತ್ತಾರೆ. ಅಂಥವರಿಗೆ ನೀನು ತಪ್ಪಿದೆ ಎಂದು ಹೇಳುವ ನಾಲಿಗೆ ಯಾವ ಊರಿನಲ್ಲೂ ಇರಲಾರದು. ಆದ್ದರಿಂದ ಅವರ ತಪ್ಪುಗಳನ್ನು ಇಡಲು ಪ್ರತಿ ಊರಿಗೂ ಒಂದು ಜಾಗ ಬೇಕಾಗುತ್ತದೆ. ಹೆಚ್ಚು ಮಾತಾಡದವರು ಯಾರಾದರೂ ಸಿಕ್ಕರೆ ಎಲ್ಲರಿಗೂ ಅನುಕೂಲ. ಎಂಜಿನ್ನಿನ ಅತಿ ಸಣ್ಣ ನೋವೂ ಕೇಳಿಸುವ ಆ ಕಿವಿಗೆ, ಎದುರಿಗೆ ನಿಂತ ಹುಡುಗಿಯ ಮಾತು ಒಣಗದ ಅಂಟಿನಷ್ಟೂ ಅಂಟಲಿಲ್ಲ.

ಗ್ಯಾಸ್ ಸಿಲಿಂಡರಿಗೆಂದು ಅಡುಗೆಮನೆಯಲ್ಲಿಟ್ಟ ಪಾನಾವನ್ನು ಖೋಮ್ ಮರೆತಿದ್ದಾನೆ. ನಾಳೆ ಬೆಳಿಗ್ಗೆ ಅಮ್ಮ ದೋಣಿಗೆ ಕಾಯಿ ತುಂಬಿಸಿ ಬಂದ ಮೇಲೆ, ಅವಳ ಕಣ್ಣೆದುರಿಗೇ, ನಾನು ಗಾಡಿಯ ತಾಯಿಗೆ ಕೈಮುಗಿದು ಕೇಳಿಕೊಂಡು, ಅಡಿಯಲ್ಲಿ ಮಲಗಿ, ಎಣ್ಣೆ ಇಳಿಯುವ ಕೊಳವೆಯ ಎರಡು ಬೋಲ್ಟು ಬಿಚ್ಚುತ್ತೇನೆ. ಒಳಗೆ ಸಿಕ್ಕಿದ್ದನ್ನು, ಕೆಂಪು ಅಂಟಾದರೆ ಅಂಟನ್ನೇ, ಬಿಳಿ ತಟ್ಟೆಯಲ್ಲಿಟ್ಟು ಊಟದ ಮೇಜಿನ ಮೇಲೆ, ಸಮ್ರಿತ್ ಅಣ್ಣ ಕೂರುವ ಜಾಗದ ಎದುರಿಗೆ ಇಡುತ್ತೇನೆ. ಭಾನುವಾರ ನಾನು ಚಿಕ್ಕಮ್ಮನ ಮನೆಗೆ ಹೋಗುವುದಿಲ್ಲ.